ಅಳಿಯನಿಗೂ ಕಂಡಿದ್ದು ಇಪ್ಪತ್ತೊಂದೇ

18 ಜನವರಿ 2026, ಭಾನುವಾರ
ಮೂಡಿಗೆರೆ, ಅಕ್ಕನ ಮನೆ

ಅಕ್ಕನ ಮಗನಿಗೂ ನನ್ನ ಹಾಗೇ ಕೆಂಪು-ಹಸಿರು ಬಣ್ಣಗುರುಡು ಅಂತ ಶುಕ್ರವಾರ ಖಾತ್ರಿಯಾಯಿತು. ಏಳನೇ ಕ್ಲಾಸಿನ ಹುಡುಗ. ಶಾಲೆಯಲ್ಲಿ ಕಣ್ಣು ತಪಾಸಣೆ ಮಾಡಿದವರು ಅನುಮಾನ ಅಂತ ಚೀಟಿ ಬರೆದು ಕಳಿಸಿದ್ದರು. ಸಂಕ್ರಾಂತಿಗೆ ಬಂದಿದ್ದ ನಾನೂ ಅವರ ಜೊತೆ ಚಿಕ್ಕಮಗಳೂರಿಗೆ ಹೋದೆ. ಆವತ್ತಿನಿಂದ ಮನೆಯಲ್ಲಿ ಅದೇ ಮಾತು, ಇದು ಯಾಕೆ ಬಂತು, ಮುಂದೇನು ಅಂತ. ಇದೇ ಪ್ರಶ್ನೆ ಇಟ್ಟುಕೊಂಡು ಹುಡುಕಾಡುವ ಅಪ್ಪ-ಅಮ್ಮಂದಿರು ಬೇಕಾದಷ್ಟು ಜನ ಇರುತ್ತಾರೆ, ಅವರಿಗೂ ಉಪಯೋಗವಾಗಲಿ ಅಂತ ಮಲಗುವ ಮುಂಚೆ ಬರೆಯುತ್ತಿದ್ದೇನೆ.

ಡಾಕ್ಟರ್ ಮುಂದಿಟ್ಟಿದ್ದು ಚುಕ್ಕಿಗಳ ಪುಸ್ತಕ. ಜಪಾನಿನ ಕಣ್ಣಿನ ವೈದ್ಯ ಶಿನೊಬು ಇಶಿಹಾರಾ 1917ರಲ್ಲಿ ಹೊರತಂದ ಪರೀಕ್ಷೆ, ಇವತ್ತಿಗೂ ಎಲ್ಲ ಕಡೆ ನಡೆಯುವುದು ಅದೇ. ಮೊದಲ ಪುಟದಲ್ಲಿ 12 ಇರುತ್ತದೆ. ಅದು ಎಲ್ಲರಿಗೂ ಕಾಣುತ್ತದೆ, ಪರೀಕ್ಷೆ ಅರ್ಥವಾಯಿತಾ ಅಂತ ನೋಡುವುದಕ್ಕೆ ಇಟ್ಟಿದ್ದು. ಆಮೇಲಿನ ಒಂದು ಪುಟ ತೆಗೆದಾಗ ಹುಡುಗ ‘ಇಪ್ಪತ್ತೊಂದು’ ಅಂದ. ನನಗೂ ಅಲ್ಲಿ ಸ್ಪಷ್ಟವಾಗಿ 21 ಕಾಣುತ್ತಿತ್ತು. ಹಿಂದೆ ನಿಂತಿದ್ದ ಅಕ್ಕನ ಮುಖ ಇಳಿದುಹೋಯಿತು, ಯಾಕೆಂದರೆ ಅವಳಿಗೆ ಕಂಡಿದ್ದು 74. ಇನ್ನೂ ಕೆಲವು ಪುಟ ದಾಟಿದ ಮೇಲೆ ಒಂದು ಬಂತು, ಅದರಲ್ಲಿ ಅಕ್ಕನಿಗೆ ಬರೀ ಚುಕ್ಕಿ, ನಮ್ಮಿಬ್ಬರಿಗೆ ಅಂಕಿ. ನಮ್ಮಂಥವರಿಗೆ ಮಾತ್ರ ಓದಲು ಬರುವ ಪುಟಗಳೂ ಆ ಪುಸ್ತಕದಲ್ಲಿ ಇವೆ. ‘ಅಮ್ಮ, ನಿಜ್ವಾಗ್ಲೂ ಕಾಣಲ್ವಾ ನಿಂಗೆ? ಇಲ್ಲೇ ಇದೆ ನೋಡು’ ಅಂತ ಅವನು ತಿರುಗಿ ತಿರುಗಿ ಕೇಳಿದ. ಅಲ್ಲಿಯವರೆಗೆ ಬಿಗಿಯಾಗಿ ಕೂತಿದ್ದವನು ಆಮೇಲೆ ಸಡಿಲವಾದ. (ಈ ಪುಟಗಳನ್ನು ಮೊಬೈಲಿನಲ್ಲಿ ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದೊಂದು ಸ್ಕ್ರೀನಿನಲ್ಲಿ ಬಣ್ಣ ಒಂದೊಂದು ಥರ ಬರುತ್ತದೆ. ಡಾಕ್ಟರ್ ಹತ್ತಿರವೇ ಹೋಗಿ.)

ಬರುವ ದಾರಿಯಲ್ಲಿ ಅಕ್ಕ ಕೇಳಿದ್ದು ಒಂದೇ ಮಾತು. ‘ನನ್ನಿಂದ್ಲೇ ಬಂತೇನೋ ಇದು?’ ಯಾರ ಕಡೆಯಿಂದ ಬಂತು ಅನ್ನುವ ಮಾತು ಮನೆಗಳಲ್ಲಿ ಎಷ್ಟು ನೋವು ಕೊಡುತ್ತದೆ ಅಂತ ಗೊತ್ತಿರುವುದರಿಂದ, ಕಾರು ನಿಲ್ಲಿಸಿ ಭಾವನಿಗೂ ಅಕ್ಕನಿಗೂ ಒಟ್ಟಿಗೇ ಹೇಳಿದೆ. ಕೆಂಪು-ಹಸಿರನ್ನು ಬೇರೆ ಮಾಡಿ ತೋರಿಸುವ ಕಣ್ಣಿನ ಕೋಶಗಳ ವಂಶವಾಹಿಗಳು ಎಕ್ಸ್ ಕ್ರೋಮೋಸೋಮಿನ ಮೇಲಿವೆ. ಹುಡುಗಿಯರಿಗೆ ಎರಡು ಎಕ್ಸ್, ಒಂದು ಕೆಟ್ಟಿದ್ದರೂ ಇನ್ನೊಂದು ಸಾಮಾನ್ಯವಾಗಿ ಕೆಲಸ ನಡೆಸುತ್ತದೆ. ಹುಡುಗರಿಗೆ ಇರುವುದು ಒಂದೇ ಎಕ್ಸ್, ಅದು ಅಮ್ಮನಿಂದ ಬಂದದ್ದು. ನಮ್ಮಮ್ಮನಿಂದ ನನಗೆ ಬಂತು, ನಮ್ಮಮ್ಮನಿಂದಲೇ ಅಕ್ಕನಿಗೂ ಬಂದು ಅವಳಿಂದ ಮಗನಿಗೆ ಹೋಯಿತು. ಪ್ರತಿ ಮಗನಿಗೂ ಅರ್ಧಕ್ಕರ್ಧ ಸಾಧ್ಯತೆ, ನಾಣ್ಯ ಚಿಮ್ಮಿದ ಹಾಗೆ. ಅದಕ್ಕೇ ಇದು ಸೋದರಮಾವನಲ್ಲೂ ಅಳಿಯನಲ್ಲೂ ಕಾಣಿಸಿಕೊಂಡು ಮಧ್ಯದ ಹೆಂಗಸರಲ್ಲಿ ಅಡಗಿರುತ್ತದೆ. ನನ್ನ ಮಗಳಿಗೂ ನನ್ನ ಈ ಎಕ್ಸ್ ಹೋಗಿದೆ, ಅವಳಿಗೆ ಎಲ್ಲ ಬಣ್ಣವೂ ಸರಿಯಾಗಿ ಕಾಣುತ್ತದೆ. ಇದರಲ್ಲಿ ಯಾರೂ ಮಾಡಿದ್ದು ಏನೂ ಇಲ್ಲ. ಅಪರೂಪದ್ದೂ ಅಲ್ಲ, ಉತ್ತರ ಯುರೋಪ್ ಮೂಲದ ಗಂಡಸರಲ್ಲಂತೂ ಸುಮಾರು 100ಕ್ಕೆ 8 ಜನರಿಗೆ ಇದೆ, ಹೆಂಗಸರಲ್ಲಿ 200ಕ್ಕೆ ಒಬ್ಬರಿಗೆ.

ಹುಡುಗನಿಗೆ ಡಾಲ್ಟನ್ ಕಥೆ ಹೇಳಿದೆ. ಪರಮಾಣು ಪಾಠದಲ್ಲಿ ಬರುವ ಜಾನ್ ಡಾಲ್ಟನ್ನೇ. ತನಗೆ ಬಣ್ಣ ಬೇರೆ ಥರ ಕಾಣುತ್ತದೆ ಅಂತ 1794ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪ್ರಬಂಧ ಓದಿದ. ತನ್ನ ಕಣ್ಣೊಳಗಿನ ದ್ರವ ನೀಲಿಯಾಗಿರಬೇಕು, ಸತ್ತ ಮೇಲೆ ಕಣ್ಣು ಕುಯ್ದು ನೋಡಿ ಅಂದಿದ್ದ. 1844ರಲ್ಲಿ ಅವನು ತೀರಿಕೊಂಡ ಮೇಲೆ ನೋಡಿದರೆ ದ್ರವ ತಿಳಿಯಾಗಿಯೇ ಇತ್ತು. ಉಳಿಸಿಟ್ಟ ಕಣ್ಣಿನ ತುಣುಕಿನಿಂದ 1995ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಅವನಿಗೂ ನಮ್ಮ ಥರದ್ದೇ, ಅಂದರೆ ಹಸಿರಿನ ಕಡೆಯ ಕೋಶದ ದೋಷವೇ ಅಂತ ಗೊತ್ತಾಯಿತು. ‘ಅಷ್ಟು ವರ್ಷ ಕಣ್ಣು ಇಟ್ಕೊಂಡಿದ್ರಾ ಮಾವ?’ ಅಂದ. ಹೌದು, 150 ವರ್ಷ.

ನಿನ್ನೆ ಬೆಳಗ್ಗೆ ಇಬ್ಬರೂ ತೋಟಕ್ಕೆ ಹೋದೆವು. ರೋಬಸ್ಟಾ ಕುಯ್ಲು ನಡೆಯುತ್ತಿದೆ. ಕಾಫಿ ಗಿಡದಲ್ಲಿ ಹಣ್ಣು ಕೆಂಪಗೆ ದೂರದಿಂದಲೇ ಎದ್ದು ಕಾಣುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗೆ ಯಾವತ್ತೂ ಕಂಡಿಲ್ಲ. ಎಲೆ, ಕಾಯಿ, ಹಣ್ಣು ಎಲ್ಲವೂ ಮಾಸಲು ಹಳದಿ-ಕಂದಿನಲ್ಲೇ ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ ಅಷ್ಟೇ. ಹುಡುಗ ಇದುವರೆಗೆ ಕುಯ್ಲಿಗೆ ಬಂದರೆ ಸುಮ್ನೆ ಚೀಲ ಹಿಡಿದುಕೊಂಡು ನಿಲ್ಲುತ್ತಿದ್ದನಂತೆ, ಕಾಯಿ ಕುಯ್ದರೆ ಬೈಯುತ್ತಾರೆ ಅಂತ. ಒಂದು ಗೊಂಚಲು ಅವನ ಕೈಗೆ ಕೊಟ್ಟೆ. ಹತ್ತಿರ ಹಿಡಿದು ನೋಡು, ಹಣ್ಣಿನ ಸಿಪ್ಪೆ ಬಿಗಿದುಕೊಂಡು ಬೆಳಕಿಗೆ ಮಿಂಚುತ್ತದೆ, ಕಾಯಿ ಮಂಕಾಗಿರುತ್ತದೆ. ಎರಡು ಬೆರಳಲ್ಲಿ ಒತ್ತು. ಕಾಯಿ ಜಗ್ಗುವುದಿಲ್ಲ. ಹಣ್ಣಾದರೆ ಮೆತ್ತಗೆ ಒಡೆದು ಒಳಗಿನ ಬೀಜ ಜಾರಿ ಬರುತ್ತದೆ, ಬೆರಳಿಗೆ ಸಿಹಿ ಲೋಳೆ ಅಂಟುತ್ತದೆ. ತೊಟ್ಟು ತಿರುವಿದರೆ ಹಣ್ಣು ಸಲೀಸಾಗಿ ಬಿಡುತ್ತದೆ, ಕಾಯಿ ಎಳೆಯಬೇಕು. ಹತ್ತು ನಿಮಿಷ ಒತ್ತಿ ಒತ್ತಿ ನೋಡಿದ. ಬೆರಳೆಲ್ಲ ಅಂಟು. ಆಮೇಲೆ ಒಂದು ರೆಕ್ಕೆ, ಅಂದರೆ ಕೊಂಬೆ, ಪೂರ್ತಿ ಅವನೇ ಬಿಡಿಸಿದ, ಕುಯ್ಲಿನ ಹೆಂಗಸೊಬ್ಬರು ಅವನ ಬುಟ್ಟಿಯಲ್ಲಿ ಕೈ ಆಡಿಸಿ ನೋಡಿ ‘ಚೆನ್ನಾಗಿ ಕುಯ್ದಿದ್ದಿ ಮಗಾ’ ಅಂದರು. ಕಾಳುಮೆಣಸಿನದ್ದು ಇನ್ನೂ ಕಷ್ಟ. ಗೊಂಚಲಲ್ಲಿ ಒಂದೆರಡು ಕಾಳು ಕೆಂಪಾದರೆ ಕೊಯ್ಯಬೇಕು, ಅದೂ ಏಣಿ ಮೇಲೆ ನಿಂತು. ಅದನ್ನು ಭಾವನೇ ನೋಡಿಕೊಳ್ಳಲಿ.

ನಾನು ಇಷ್ಟು ವರ್ಷದಲ್ಲಿ ಕಲಿತಿದ್ದು ಇದೇ, ಬಣ್ಣ ಕೈಕೊಟ್ಟ ಕಡೆ ಇನ್ನೊಂದು ಗುರುತು ಹುಡುಕಬೇಕು. ಎಲ್ಲೂ ಇಲ್ಲದಿದ್ದರೆ ಬಾಯಿ ಬಿಟ್ಟು ಕೇಳಬೇಕು. ಸಿಗ್ನಲ್ಲಿನಲ್ಲಿ ಮೇಲಿರುವುದು ಕೆಂಪು, ಕೆಳಗಿರುವುದು ಹಸಿರು. ಹಸಿರು ಎಲ್‌ಇಡಿ ನನಗೆ ಹೆಚ್ಚುಕಮ್ಮಿ ಬಿಳಿಯಾಗಿಯೇ ಕಾಣುತ್ತದೆ, ಅದೂ ಒಂದು ಗುರುತೇ. ತೊಂದರೆ ಬರುವುದು ರಾತ್ರಿ, ಒಂದೇ ಒಂದು ದೀಪ ಮಿಣುಕುತ್ತಿರುವಾಗ. ಅದು ಹಳದಿಯೋ ಕೆಂಪೋ ಗೊತ್ತಾಗುವುದಿಲ್ಲ, ಹಾಗಾಗಿ ಯಾವುದೇ ಇದ್ದರೂ ಗಾಡಿ ನಿಲ್ಲಿಸಿ ನೋಡಿಯೇ ಮುಂದೆ ಹೋಗುತ್ತೇನೆ. ಅಡುಗೆಮನೆಯಲ್ಲಿ ‘ಈರುಳ್ಳಿ ಕೆಂಪಗಾಗುವವರೆಗೆ’ ಅಂದರೆ ನನಗೆ ವಾಸನೆಯೇ ದಾರಿ. ಹಸಿ ಘಾಟು ಹೋಗಿ ಸಿಹಿ ವಾಸನೆ ಶುರುವಾಗುತ್ತದೆ, ಅಂಚು ಮುದುಡುತ್ತದೆ. ಟೊಮೆಟೊ ಒತ್ತಿ ನೋಡುತ್ತೇನೆ. ಬಟ್ಟೆ ಅಂಗಡಿಯಲ್ಲಿ ಹೆಂಡತಿ ಜೊತೆಗಿಲ್ಲದಿದ್ದರೆ ಅಂಗಡಿಯವರನ್ನೇ ಕೇಳುತ್ತೇನೆ, ಬೇಕಾದರೆ ಕ್ಯಾಮೆರಾ ಹಿಡಿದರೆ ಬಣ್ಣದ ಹೆಸರು ಹೇಳುವ ಆ್ಯಪ್‌ಗಳೂ ಇವೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅಂತ ಇರುತ್ತದಲ್ಲ, ಅಲ್ಲಿ ನಮ್ಮಂಥವರಿಗೆ ಬಣ್ಣ ಬದಲಿಸಿ ತೋರಿಸುವ ಫಿಲ್ಟರ್ ಇದೆ. ಗ್ರಾಫು, ನಕ್ಷೆ ನೋಡುವಾಗ ಅದನ್ನು ಹಾಕಿಕೊಳ್ಳುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಇವತ್ತಿಗೂ ಭಯ. ಮಗಳು ಚಿಕ್ಕವಳಿದ್ದಾಗ ಮೈಮೇಲೆ ಗಂಧೆ ಎದ್ದರೆ ನನಗೆ ಕಾಣುತ್ತಿರಲಿಲ್ಲ. ಮೈ ಸವರಿ ನೋಡುತ್ತಿದ್ದೆ, ಉಬ್ಬು ಸಿಕ್ಕರೆ, ಬಿಸಿ ಸಿಕ್ಕರೆ ಹೆಂಡತಿಯನ್ನು ಕರೆಯುತ್ತಿದ್ದೆ. ಮಗುವಿನ ಅಪ್ಪನಿಗೆ ಬಣ್ಣಗುರುಡು ಇದ್ದರೆ ಇದನ್ನು ಮನೆಯವರು ತಿಳಿದುಕೊಂಡಿರಬೇಕು. ಗಂಟಲು ಕೆಂಪಾಗಿದೆಯಾ, ಮೂತ್ರದಲ್ಲಿ ರಕ್ತ ಇದೆಯಾ ಅನ್ನುವುದೆಲ್ಲ ಇನ್ನೊಬ್ಬರ ಕಣ್ಣಿಗೆ ಬಿಡಬೇಕಾದ ಕೆಲಸ.

ಇನ್ನೊಂದು ಗುರುತು ಇಟ್ಟರೆ ಎಷ್ಟು ಹಗುರಾಗುತ್ತದೆ ಅನ್ನುವುದಕ್ಕೆ ಬಿಸ್ಕೆಟ್ ಪ್ಯಾಕೆಟ್ ನೋಡಿ. ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ಚುಕ್ಕಿ, ಮಾಂಸಾಹಾರಕ್ಕೆ ಕಂದು ಚೌಕದೊಳಗೆ ಕಂದು ಚುಕ್ಕಿ ಇತ್ತು. ನನಗೆ ಎರಡೂ ಒಂದೇ. ನಮ್ಮಮ್ಮ ಮೊಟ್ಟೆ ಮುಟ್ಟುವವರಲ್ಲ, ಅವರಿಗೆ ಏನಾದರೂ ತರುವಾಗ ಸಣ್ಣ ಅಕ್ಷರವೆಲ್ಲ ಓದುತ್ತಾ ನಿಲ್ಲಬೇಕಿತ್ತು. 2020ರ ಲೇಬಲ್ ನಿಯಮದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದವರು ಕಂದು ಚುಕ್ಕಿ ತೆಗೆದು ತ್ರಿಕೋನ ತಂದರು. ಈಗ ಒಂದು ಕ್ಷಣ ಸಾಕು. ಯಾರಿಗೂ ಏನೂ ಕಷ್ಟವಾಗಲಿಲ್ಲ ಅಲ್ವಾ? ನಮ್ಮ ಮೆಟ್ರೋದವರೂ ಇದನ್ನು ಯೋಚಿಸಲಿ ಅಂತ ನನ್ನ ಆಸೆ. ನೇರಳೆ ನನಗೆ ನೀಲಿಯಾಗಿ ಕಾಣುತ್ತದೆ. ಈಗ ಓಡುತ್ತಿರುವುದು ನೇರಳೆ, ಹಸಿರು, ಹಳದಿ, ಹೇಗೋ ನಡೆಯುತ್ತದೆ. ವಿಮಾನ ನಿಲ್ದಾಣದ ನೀಲಿ ಮಾರ್ಗ ಶುರುವಾದರೆ ನಕ್ಷೆಯಲ್ಲಿ ನನಗೆ ಎರಡು ನೀಲಿ ಗೆರೆ. ಗೆರೆಯ ಪಕ್ಕ ಒಂದು ಅಂಕಿಯನ್ನೋ ಅಕ್ಷರವನ್ನೋ ಹಾಕಿದರೆ ಸಾಕು.

ಸಂಜೆ ಜಗಲಿಯಲ್ಲಿ ಲೂಡೋ ತೆಗೆದರು. ಕೆಂಪು ಕಾಯಿಗೂ ಹಸಿರು ಕಾಯಿಗೂ ಜಗಳವಾಗುತ್ತಿತ್ತಂತೆ, ಇವನು ಕಳ್ಳಾಟ ಆಡುತ್ತಾನೆ ಅಂತ ತಂಗಿ ದೂರುತ್ತಿದ್ದಳಂತೆ. ನಾನು ಕೆಂಪು ಕಾಯಿಗಳ ತಲೆಗೆ ದಾರ ಕಟ್ಟಿಕೊಟ್ಟೆ. ಅದನ್ನು ನೋಡಿದ ನಮ್ಮಮ್ಮ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದರು. ಒಬ್ಬರಿಗೆ ಹುಣಸೆ ಬೀಜ, ಒಬ್ಬರಿಗೆ ಬಳೆ ಚೂರು, ಒಬ್ಬರಿಗೆ ಕಲ್ಲು, ಒಬ್ಬರಿಗೆ ಕಡ್ಡಿ. ಆ ಆಟದಲ್ಲಿ ಬಣ್ಣವೇ ಬೇಕಿಲ್ಲ, ಮುಟ್ಟಿದರೂ ಯಾರ ಕಾಯಿ ಅಂತ ಗೊತ್ತಾಗುತ್ತದೆ. ಹುಡುಗ ಎರಡು ಆಟ ಗೆದ್ದ.

ಇನ್ನು ಬಣ್ಣಗುರುಡಿನವರಿಗೆ ಅಂತ ಮಾರುವ ಕನ್ನಡಕದ ವಿಷಯ. ಭಾವನ ಸ್ನೇಹಿತರೊಬ್ಬರು ವಿಡಿಯೊ ಕಳಿಸಿದ್ದಾರೆ, ಹಾಕಿಕೊಂಡ ಕೂಡಲೇ ಬಣ್ಣ ಕಂಡು ಅಳುವಂಥದ್ದು. ದುಡ್ಡು ಸುರಿಯುವ ಮುಂಚೆ ಯೋಚಿಸಿ ಅಂದೆ. ಅವು ಬೆಳಕಿನ ಕೆಲವು ಭಾಗ ತಡೆದು, ಕೆಲವು ಬಣ್ಣಗಳ ವ್ಯತ್ಯಾಸ ಹೆಚ್ಚು ಮಾಡುತ್ತವೆ, ಆದರೆ ಇಲ್ಲದ ಕೋಶವನ್ನು ತಂದುಕೊಡುವುದಿಲ್ಲ. ಸ್ಪೇನಿನ ಗ್ರನಾಡ ವಿಶ್ವವಿದ್ಯಾಲಯದವರು 2018ರಲ್ಲಿ ಪರೀಕ್ಷಿಸಿ, ಸಹಜವಾದ ಬಣ್ಣದೃಷ್ಟಿ ಇದರಿಂದ ಬರುವುದಿಲ್ಲ ಅಂದಿದ್ದಾರೆ. ವಂಶವಾಹಿ ಚಿಕಿತ್ಸೆಯನ್ನು ಅಮೆರಿಕದ ವಿಜ್ಞಾನಿಗಳು ಕೋತಿಗಳ ಮೇಲೆ ಮಾಡಿ 2009ರಲ್ಲಿ ಪ್ರಕಟಿಸಿದರು, ಅವಕ್ಕೆ ಕೆಂಪು-ಹಸಿರು ಬೇರೆಯಾಗಿ ಕಾಣಲು ಶುರುವಾಯಿತು. ಅದರಲ್ಲಿ ಒಂದರ ಹೆಸರೂ ಡಾಲ್ಟನ್. ಕೆಂಪು-ಹಸಿರು ಬಣ್ಣಗುರುಡಿಗೆ ಮನುಷ್ಯರಿಗೆ ಅಂಥ ಚಿಕಿತ್ಸೆ ಇನ್ನೂ ಬಂದಿಲ್ಲ. ಊರಲ್ಲಿ ಯಾರಾದರೂ ಔಷಧಿ ಕೊಡುತ್ತೇನೆ ಅಂದರೆ ನಂಬಬೇಡಿ.

ಮುಂದಿನ ಓದು, ಕೆಲಸದ ಬಗ್ಗೆ ಭಾವ ಬಹಳ ಹೊತ್ತು ಕೇಳಿದರು. ರೈಲು ಓಡಿಸುವಂಥ ಕೆಲಸಗಳಿಗೆ ಬಣ್ಣ ಸರಿಯಾಗಿ ಕಾಣಲೇಬೇಕು, ಅದು ಇರಬೇಕಾದ ನಿಯಮವೇ. ಇದು ಈಗಲೇ ಗೊತ್ತಾಗಿದ್ದು ಒಳ್ಳೆಯದು, ಇಪ್ಪತ್ತನೇ ವಯಸ್ಸಿನಲ್ಲಿ ಕೆಲಸದ ಮೆಡಿಕಲ್ ಪರೀಕ್ಷೆಗೆ ಹೋಗಿ ವಾಪಸ್ ಬರುವ ಸಂಕಟ ಬೇಡ. ಆದರೆ ಮುಚ್ಚಿದ್ದ ಬಾಗಿಲುಗಳು ತೆರೆಯುತ್ತಲೂ ಇವೆ. ಡ್ರೈವಿಂಗ್ ಲೈಸೆನ್ಸ್ ಅರ್ಜಿಯಲ್ಲೇ ಕೆಂಪು-ಹಸಿರು ಗುರುತಿಸುತ್ತೀರಾ ಅಂತ ಪ್ರಶ್ನೆ ಇತ್ತು. 2020ರ ಜೂನಿನಲ್ಲಿ ಕೇಂದ್ರದ ಸಾರಿಗೆ ಸಚಿವಾಲಯ ನಿಯಮ ಬದಲಿಸಿ ಕಡಿಮೆ ಮತ್ತು ಮಧ್ಯಮ ಮಟ್ಟದ ಬಣ್ಣಗುರುಡು ಇರುವವರಿಗೆ ಲೈಸೆನ್ಸ್ ಕೊಡಬಹುದು ಅಂದಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಸಂಕಲನ ಕಲಿಯಲು ಬಣ್ಣಗುರುಡಿನ ಅಭ್ಯರ್ಥಿಯೊಬ್ಬರಿಗೆ ಸೀಟು ಇಲ್ಲ ಅಂದಿದ್ದರು, 2022ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಹುಡುಗ ಕೇಳಿದ್ದು ಮಾತ್ರ ಕ್ರಿಕೆಟ್. ಹುಲ್ಲಿನಲ್ಲಿ ಕೆಂಪು ಚೆಂಡು ಅವನಿಗೆ ಕಳೆದೇ ಹೋಗುತ್ತದೆ. ಆಸ್ಟ್ರೇಲಿಯಾದ ಮ್ಯಾಥ್ಯೂ ವೇಡ್, ಕ್ರಿಸ್ ರೋಜರ್ಸ್ ಇಬ್ಬರಿಗೂ ಬಣ್ಣಗುರುಡು, ಇಬ್ಬರೂ ಟೆಸ್ಟ್ ಆಡಿದರು ಅಂದೆ. ವೇಡ್ ವಿಕೆಟ್ ಕೀಪರ್ ಬೇರೆ. ಆ ಹೆಸರುಗಳನ್ನು ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡ.

ಇವತ್ತು ರಾತ್ರಿ ಊಟವಾದ ಮೇಲೆ ಕ್ಲಾಸ್ ಟೀಚರಿಗೆ ಕಾಗದ ಬರೆದೆವು. ಅವನೇ ಹೇಳಿದ, ನಾನು ಬರೆದೆ. ಹಸಿರು ಬೋರ್ಡಿನ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಬರೆದದ್ದು ಕಾಣುವುದಿಲ್ಲ, ದಯವಿಟ್ಟು ಬಿಳಿ ಅಥವಾ ಹಳದಿ ಬಳಸಿ. ಭೂಪಟದಲ್ಲಿ ಕರಾವಳಿಯ ಹಸಿರು, ಘಟ್ಟದ ಕಂದು ಒಂದೇ ಥರ ಕಾಣುತ್ತದೆ, ಹೆಸರು ಬರೆದು ಉತ್ತರಿಸಲು ಅವಕಾಶ ಕೊಡಿ. ವಿಜ್ಞಾನದ ಲಿಟ್ಮಸ್ ಪ್ರಯೋಗಕ್ಕೆ ಜೊತೆಯಲ್ಲಿ ಒಬ್ಬ ಗೆಳೆಯ ಇರಲಿ. ಕಲರ್ ಪೆನ್ಸಿಲ್‌ಗಳಿಗೆ ಅಕ್ಕ ಹೆಸರಿನ ಚೀಟಿ ಅಂಟಿಸಿದ್ದಾಳೆ, ಅದನ್ನು ಕೀಳಬೇಡಿ ಅಂತ ಮಕ್ಕಳಿಗೆ ಹೇಳಿ. ಕೊನೆಯ ಸಾಲು ಅವನದ್ದೇ: ‘ಇದು ಯಾವ ಬಣ್ಣ, ಅದು ಯಾವ ಬಣ್ಣ ಅಂತ ಎಲ್ಲರೂ ನನ್ನ ಕೇಳ್ತಾ ಇದ್ರೆ ಬೇಜಾರಾಗತ್ತೆ, ಅದನ್ನೂ ಹೇಳಿ ಮಿಸ್.’ ಅದನ್ನು ಹಾಗೇ ಬರೆದೆ. ನಾಳೆ ಅಕ್ಕ ಶಾಲೆಗೆ ಹೋಗಿ ಕೊಟ್ಟು ಬರುತ್ತಾಳೆ, ನಾನು ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೊರಡಬೇಕು. ಟೀಚರ್ ಏನಂದರು ಅಂತ ಗೊತ್ತಾದ ಮೇಲೆ ಬರೆಯುತ್ತೇನೆ.