‘ಬಿಲೀವ್’ ಎಂದರೆ ‘ನಂಬು’ ಎಂದಷ್ಟೇ ಅರ್ಥವೇ?

ಸಂಜೆಯ ಹೊತ್ತು ಇಂಗ್ಲಿಷ್ ಹೇಳಿಕೊಡುವ ನನ್ನನ್ನು ಹೊಸದಾಗಿ ಸೇರಿದವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಬಿಲೀವ್ ಅಂದರೆ ನಂಬು ತಾನೆ? ಹಾಗಿದ್ದ ಮೇಲೆ ಕೆಲವು ಕಡೆ ಮಾತ್ರ ಅದರ ಮುಂದೆ ‘ಇನ್’ ಏಕೆ ಬರುತ್ತದೆ?’

‘ಐ ಬಿಲೀವ್ ಯು’ ಎಂದರೆ ನೀವು ಈಗ ಹೇಳಿದ್ದು ನಿಜವೆಂದು ಒಪ್ಪಿದೆ ಎಂದರ್ಥ. ‘ಐ ಬಿಲೀವ್ ಇನ್ ಯು’ ಎಂಬುದು ಆಡಿದ ಮಾತಿಗಲ್ಲ, ಆಳಿಗೆ ಸಂಬಂಧಿಸಿದ್ದು. ಈ ಕೆಲಸ ನಿಮ್ಮ ಕೈಲಾಗುತ್ತದೆ ಎಂಬ ಭರವಸೆ ಅದರಲ್ಲಿದೆ. ‘ಅವನ ಮಾತನ್ನು ನಂಬಿದೆ’, ‘ಅವನಲ್ಲಿ ನಂಬಿಕೆಯಿದೆ’ ಎನ್ನುವಾಗ ನಾವೂ ವಿಭಕ್ತಿ ಬದಲಿಸಿ ಹೆಚ್ಚುಕಡಿಮೆ ಇದೇ ಭೇದವನ್ನು ಕಾಣಿಸುತ್ತೇವೆ. ಯಾವುದಾದರೂ ಇದೆಯೆಂದು ಒಪ್ಪುವುದಕ್ಕೂ ‘ಇನ್’ ಬೇಕು. ಆದರೆ ‘ಐ ಬಿಲೀವ್ ಇನ್ ಗೋಸ್ಟ್ಸ್’ ಎಂದವರು ದೆವ್ವದ ಮೇಲೆ ಭರವಸೆ ಇಟ್ಟವರೇನಲ್ಲ.

ನಿಜವಾದ ತೊಡಕು ಇರುವುದು ನಮ್ಮ ‘ನಂಬು’ವಿನಲ್ಲಿ. ಮಳೆಯನ್ನು ನಂಬಿ ಬಿತ್ತುತ್ತೇವೆ, ಎರಡೆಕರೆ ಹೊಲವನ್ನು ನಂಬಿಕೊಂಡು ಸಂಸಾರ ನಡೆಸುತ್ತೇವೆ; ಅಲ್ಲಿ ನಿಜ ಸುಳ್ಳಿನ ವಿಚಾರವೇ ಇಲ್ಲ, ಇರುವುದು ಆಸರೆಯ ಮಾತು. ಇಂಗ್ಲಿಷಿನ ಪದಕ್ಕೆ ಈ ಅರ್ಥವಿಲ್ಲ. ನನ್ನ ಬಳಿ ಕಲಿಯುತ್ತಿದ್ದ ಹುಡುಗನೊಬ್ಬ ಕೆಲಸಕ್ಕಾಗಿ ಬರೆದ ಅರ್ಜಿಯ ಕೊನೆಯಲ್ಲಿ ‘ಸರ್, ಐ ಆಮ್ ಬಿಲೀವಿಂಗ್ ಯು ಓನ್ಲಿ’ ಎಂದು ಸೇರಿಸಿದ್ದ. ‘ನಿಮ್ಮನ್ನೇ ನಂಬಿಕೊಂಡಿದ್ದೇನೆ’ ಎಂಬುದು ಅವನ ಮನಸ್ಸಿನಲ್ಲಿದ್ದ ವಾಕ್ಯ. ಅದಕ್ಕೆ ‘ಡಿಪೆಂಡ್ ಆನ್’ ಅಥವಾ ‘ಕೌಂಟ್ ಆನ್’ ಬೇಕೆಂದೂ, ಮನಸ್ಸಿನ ಸ್ಥಿತಿಯನ್ನು ಹೇಳುವ ಈ ಕ್ರಿಯಾಪದಕ್ಕೆ ಸಾಮಾನ್ಯವಾಗಿ ‘ಇಂಗ್’ ಹಚ್ಚುವುದಿಲ್ಲವೆಂದೂ ತಿದ್ದಿದೆ. ವ್ಯಾಕರಣ ಸರಿಹೋಯಿತು, ಆ ಕನ್ನಡ ವಾಕ್ಯದಲ್ಲಿದ್ದ ದೈನ್ಯ ಮಾತ್ರ ಇಂಗ್ಲಿಷಿಗೆ ದಾಟಲಿಲ್ಲ.

ಇದಕ್ಕೆ ತದ್ವಿರುದ್ಧವಾದ ತಪ್ಪನ್ನು ಅನುವಾದಕರು ಮಾಡುತ್ತಾರೆ. ‘ಐ ಬಿಲೀವ್ ದ ಮೀಟಿಂಗ್ ಈಸ್ ಅಟ್ ಫೋರ್’ ಎಂಬಲ್ಲಿ ನಂಬಿಕೆಯ ಭಾರವೇನೂ ಇಲ್ಲ. ಖಚಿತವಾಗಿ ಹೇಳಲು ಹಿಂಜರಿಯುವ ಸೌಜನ್ಯವಷ್ಟೇ ಇದೆ. ‘ಸಭೆ ನಾಲ್ಕಕ್ಕೆ ಇರಬೇಕು’ ಎಂದರೆ ಸಾಕಾಗುವ ಕಡೆ ‘ಸಭೆ ನಾಲ್ಕಕ್ಕೆ ಇದೆಯೆಂದು ನಾನು ನಂಬುತ್ತೇನೆ’ ಎಂದು ಬರೆದರೆ ಯಾರೋ ದೇವರ ಮುಂದೆ ಪ್ರಮಾಣ ಮಾಡಿದಂತೆ ಕೇಳಿಸುತ್ತದೆ. ಹಾಗೆಯೇ ‘ಐ ಡೋಂಟ್ ಬಿಲೀವ್ ಹಿ ವಿಲ್ ಕಮ್’ ಎಂಬುದು ‘ಅವನು ಬರಲಿಕ್ಕಿಲ್ಲ’ ಎಂಬ ಸಾದಾ ಊಹೆ. ಇಂಗ್ಲಿಷಿನಲ್ಲಿ ‘ಇಲ್ಲ’ ಎಂಬುದು ಮುಂದಕ್ಕೆ ಜಿಗಿದು ‘ಬಿಲೀವ್’ ಪಕ್ಕದಲ್ಲಿ ಕುಳಿತಿದೆ, ಅಷ್ಟೆ.

ನಾಮಪದ ‘ಬಿಲೀಫ್’, ಅದರ ಬಹುವಚನ ‘ಬಿಲೀಫ್ಸ್’. ‘ಲೀಫ್’ ಹೋಗಿ ‘ಲೀವ್ಸ್’ ಆಗುವುದನ್ನು ನೋಡಿ ಇಲ್ಲೂ ‘ಬಿಲೀವ್ಸ್’ ಎಂದು ಬರೆಯಬಾರದು; ಅದು ‘ನಂಬುತ್ತಾನೆ’ ಎಂಬ ಕ್ರಿಯಾಪದ.

ಈ ಪದವನ್ನು ಅತ್ಯಂತ ಜೋಪಾನವಾಗಿ ಬಳಸಿರುವುದನ್ನು ನಾನು ಕಂಡಿರುವುದು ಕಾನೂನಿನಲ್ಲಿ. 2024ರವರೆಗೆ ಜಾರಿಯಲ್ಲಿದ್ದ 1860ರ ಭಾರತೀಯ ದಂಡ ಸಂಹಿತೆಯ 26ನೆಯ ಕಲಂ ‘ರೀಸನ್ ಟು ಬಿಲೀವ್’ ಎಂಬುದಕ್ಕೆ, ನಂಬಲು ಸಾಕಷ್ಟು ಕಾರಣವಿದ್ದರೆ ಮಾತ್ರ ಎಂದು ವ್ಯಾಖ್ಯೆ ಕೊಟ್ಟಿತ್ತು. ಕದ್ದ ಮಾಲನ್ನು ಪಡೆಯುವ ಅಪರಾಧವನ್ನು ಹೇಳುವ 411ನೆಯ ಕಲಮಿನಲ್ಲಿ ಅದೇ ನುಡಿ ಬರುತ್ತಿತ್ತು. ದಾಖಲೆಯಿಲ್ಲದ ಬೈಕನ್ನು ನಡುರಾತ್ರಿ ಕಾಲುಭಾಗ ಬೆಲೆಗೆ ಕೊಂಡವನು ‘ಅದು ಕದ್ದದ್ದೆಂದು ನಾನು ನಂಬಿರಲಿಲ್ಲ’ ಎಂದಷ್ಟೇ ಹೇಳಿ ಪಾರಾಗುವುದು ಕಷ್ಟ. ಹಾಗೆ ನಂಬಲು ಅವನಿಗೆ ಸಾಕಷ್ಟು ಕಾರಣವಿತ್ತೇ ಎಂದೂ ನ್ಯಾಯಾಲಯ ನೋಡುತ್ತದೆ.