ಚೌತಿ ರಾತ್ರಿ, ರಸಮಂಜರಿ ಮುಗಿದ ಮೇಲೆ

28 ಆಗಸ್ಟ್ 2025, ಗುರುವಾರ
ಶಿವಮೊಗ್ಗ

ನನ್ನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಗ್ರಿಮ್ಸ್‌ಬಿ ಟೌನ್ ಎದುರು ಸೋತು ಲೀಗ್ ಕಪ್‌ನಿಂದ ಹೊರಬಿತ್ತು. ಅಲ್ಲಿಯವರಿಗೆ ಅದು ಬುಧವಾರ ರಾತ್ರಿ, ನಮಗೆ ಇವತ್ತು ಬೆಳಗಿನ ಜಾವ. ಗ್ರಿಮ್ಸ್‌ಬಿ ಆಡೋದು ಇಂಗ್ಲೆಂಡಿನ ನಾಲ್ಕನೇ ದರ್ಜೆಯ ಲೀಗಿನಲ್ಲಿ. ಅವರ ಮೈದಾನಕ್ಕೆ ಒಂಬತ್ತು ಸಾವಿರ ಜನ ಹಿಡಿದರೆ ಹೆಚ್ಚು. ಅಭಿಮಾನಿಗಳು ಗಾಳಿ ತುಂಬಿದ ಪ್ಲಾಸ್ಟಿಕ್ ಮೀನು ಹಿಡಿದುಕೊಂಡು ಬರ್ತಾರೆ, ಮೀನುಗಾರರ ಊರು ಅಂತ. ಆ ಮೀನುಗಳೆಲ್ಲ ಮಳೆಯಲ್ಲಿ ನೆನೆದು ಕುಣಿಯೋದನ್ನ ನಾನು ಬೀದಿ ಗಣಪತಿಯ ಪೆಂಡಾಲಿನಲ್ಲಿ ಕೂತು ನೋಡಿದೆ.

ಪೆಂಡಾಲಿನಲ್ಲಿ ಯಾಕಿದ್ದೆ ಅಂದರೆ, ನಿನ್ನೆ ಚೌತಿ, ಸಂಜೆ ರಸಮಂಜರಿ ಇತ್ತು. ಹಾಡೋಕೆ ಬಂದಿದ್ದು ನಮ್ಮೂರಿನದೇ ತಂಡ. ಕೀಬೋರ್ಡ್ ನುಡಿಸೋನು ಮೊಬೈಲ್ ರಿಪೇರಿ ಅಂಗಡಿಯವನು. ಪ್ಯಾಡ್ ಬಾರಿಸೋನು ಅವನ ಭಾವಮೈದುನ. ತಬಲಾದವರು ಸಾರಿಗೆ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು, ಎಲ್ಲರೂ ಅವರನ್ನ ಮೇಷ್ಟ್ರೇ ಅಂತಲೇ ಕರೆಯೋದು. ಹೆಣ್ಣು ದನಿಗೆ ಹೈಸ್ಕೂಲ್ ಟೀಚರೊಬ್ಬರು. ಮೊದಲು ಇಂಥ ತಂಡಗಳಲ್ಲಿ ಹತ್ತು ಹನ್ನೆರಡು ಜನ ಇರ್ತಿದ್ರು, ಅಕಾರ್ಡಿಯನ್, ಸ್ಯಾಕ್ಸೊಫೋನ್ ಎಲ್ಲ. ಈಗ ಸಮಿತಿಯವರ ಹತ್ತಿರ ಅಷ್ಟು ದುಡ್ಡಿರಲ್ಲ. ಪೆನ್‌ಡ್ರೈವಿನಲ್ಲಿ ಟ್ರ್ಯಾಕ್ ತಂದು ಅದರ ಮೇಲೆ ಹಾಡಿ ಹೋಗೋ ತಂಡಗಳೇ ಜಾಸ್ತಿ. ಇವರು ಅರ್ಧ ಟ್ರ್ಯಾಕು, ಅರ್ಧ ಕೈ. ಅಷ್ಟಾದರೂ ಕೈ ಉಳಿದಿದೆಯಲ್ಲ ಅಂತ ನನಗೆ ಇವರ ಮೇಲೆ ಪ್ರೀತಿ.

ರಾಜ್‌ಕುಮಾರ್ ಹಾಡು ಬಂದಾಗ ಮುಂದಿನ ಸಾಲಿನ ಅಜ್ಜಿಯರೂ ಚಪ್ಪಾಳೆ ಹಾಕಿದರು. ಹತ್ತಕ್ಕೆ ಮೈಕ್ ಬಂದ್ ಆಗಬೇಕು, ಕಾನೂನು. ಮೈಕ್‌ಸೆಟ್ ಹುಡುಗ ನಿರ್ದಾಕ್ಷಿಣ್ಯವಾಗಿ ಸ್ವಿಚ್ ಆರಿಸಿದ. ಮುಕ್ಕಾಲು ಪಾಲು ಜನ ಕುರ್ಚಿ ಬಿಟ್ಟು ಎದ್ದರು. ಆಮೇಲೆ ನಡೆದದ್ದೇ ನಿಜವಾದ ಕಛೇರಿ. ಮೇಷ್ಟ್ರು ತಬಲಾ ಕೆಳಗಿಳಿಸಿ ಜಮಖಾನದ ಮೇಲೆ ಕೂತರು, ಟೀಚರು ಪಕ್ಕದಲ್ಲಿ ಕೂತು ಮೈಕಿಲ್ಲದೆ ಭಾವಗೀತೆ ಶುರು ಮಾಡಿದರು. ಶಿವಮೊಗ್ಗ ಸುಬ್ಬಣ್ಣ ಹಾಡಿ ಮನೆಮನೆಗೆ ಮುಟ್ಟಿಸಿದಂಥವು. ಸುಬ್ಬಣ್ಣ ತೀರಿಕೊಂಡು ಈ ಆಗಸ್ಟಿಗೆ ಮೂರು ವರ್ಷ. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರು, ಆದರೆ ಈ ಊರಿನವರು ಅವರನ್ನ ನೆನೆಸೋದು ಪ್ರಶಸ್ತಿಗಲ್ಲ, ಏರು ದನಿಗೆ. ಟೀಚರದ್ದು ಅಷ್ಟು ಏರುವ ದನಿಯಲ್ಲ, ಮೇಲಿನ ಷಡ್ಜಕ್ಕೆ ಹೋಗೋ ಮುಂಚೆ ಸ್ವಲ್ಪ ತಡೀತಾರೆ. ತಗಡಿನ ಮೇಲೆ ಮಳೆ ಬೇರೆ. ಆದರೂ ಕೂತಿದ್ದವರು ಯಾರೂ ಏಳಲಿಲ್ಲ. ಕಲಾವಿದರಿಗೆ ಕಾಫಿ ಬಂತು, ನಮಗೂ ಬಂತು, ಕಾಯಿಕಡುಬೂ ಉಳಿದಿತ್ತು.

ಹನ್ನೆರಡೂವರೆಗೆ ಆಟ. ಗಣಪತಿ ಕಾಯೋಕೆ ಅಂತ ಅಲ್ಲೇ ಮಲಗೋ ಹುಡುಗರಲ್ಲಿ ಒಬ್ಬನ ಮೊಬೈಲಲ್ಲಿ ಬರ್ತಿತ್ತು. ಯಾವ ಆ್ಯಪ್ ಅಂತ ನಾನು ವಿಚಾರಿಸೋಕೆ ಹೋಗಲಿಲ್ಲ. ಇಪ್ಪತ್ತೆರಡನೇ ನಿಮಿಷದಲ್ಲಿ ಗ್ರಿಮ್ಸ್‌ಬಿಯ ವೆರ್ನಮ್ ಗೋಲು ಹೊಡೆದ. ಮೂವತ್ತರಲ್ಲಿ ವಾರೆನ್, ಅವನು ಯುನೈಟೆಡ್‌ನಲ್ಲೇ ಬೆಳೆದ ಹುಡುಗ. 2-0. ನಮ್ಮ ಆಗಿನ ಕೋಚ್ ಅಮೊರಿಮ್ ಡಗ್‌ಔಟಿನಲ್ಲಿ ಕೂತು ಪುಟ್ಟ ಬೋರ್ಡಿನ ಮೇಲೆ ಬಿಲ್ಲೆ ಸರಿಸ್ತಿದ್ದ. ‘ಅಂಕಲ್, ಚೌಕಾಬಾರ ಆಡ್ತಿದಾನಾ?’ ಅಂದ ಒಬ್ಬ. ನಮ್ಮ ಕಡೆ ಎಂಬ್ಯೂಮೊ ಒಂದು, ಎಂಬತ್ತೊಂಬತ್ತನೇ ನಿಮಿಷಕ್ಕೆ ಮಗ್ವಾಯರ್ ಒಂದು. ಸಮ. ಹೆಚ್ಚುವರಿ ಸಮಯ ಇಲ್ಲ, ನೇರ ಪೆನಾಲ್ಟಿ. ಇಪ್ಪತ್ತಾರು ಪೆನಾಲ್ಟಿ! ಗೋಲ್‌ಕೀಪರ್‌ಗಳೂ ಬಂದು ಹೊಡೆದು ಹೋದರು. ಕುನ್ಯ ಹಾಕಿದ್ದರೆ ಗೆದ್ದೇ ಬಿಡ್ತಿದ್ದೆವು, ಕೀಪರ್ ಹಿಡಿದ. ಕೊನೆಗೆ ಎಂಬ್ಯೂಮೊ ಎರಡನೇ ಸಲ ಬಂದು ಅಡ್ಡಪಟ್ಟಿಗೆ ಹೊಡೆದ. 12-11. ಹುಡುಗರೆಲ್ಲ ಗ್ರಿಮ್ಸ್‌ಬಿ ಪರ ಕೂಗ್ತಿದ್ದರು, ಆ ಊರಿನ ಹೆಸರನ್ನ ಅವರು ಕೇಳಿದ್ದೇ ಆವಾಗ. ಎದುರುಮನೆಯವರು ಕಿಟಕಿ ತೆಗೆದು ಬೈದರು.

ಬೆಳಿಗ್ಗೆ ಭದ್ರಾವತಿಯಿಂದ ಗೆಳೆಯನ ಫೋನು. ‘ಏನ್ ಮಾರಾಯ, ಬದುಕಿದ್ದೀಯಾ? 95ರಲ್ಲಿ ಯಾರ್ಕ್ ಸಿಟಿ ಹತ್ರ ಮನೆಯಲ್ಲೇ 3-0 ಸೋತಿರಲಿಲ್ವಾ, ಆ ವರ್ಷ ಲೀಗು, ಎಫ್‌ಎ ಕಪ್ಪು ಎರಡೂ ಬಂತು!’ ಪಾಪ, ಸಮಾಧಾನಕ್ಕೆ ಹೇಳಿದ. ಅದು ನಿಜವೂ ಹೌದು. ಆದರೆ ಆಗಿನ ಕೋಚ್ ಫರ್ಗ್ಯುಸನ್ ದೊಡ್ಡ ಆಟಗಾರರಿಗೆ ರಜೆ ಕೊಟ್ಟಿದ್ದ. ಈ ಸಲ ಬೇಸಿಗೆಯಲ್ಲಿ 20 ಕೋಟಿ ಪೌಂಡಿಗೂ ಹೆಚ್ಚು ಸುರಿದು ತಂದ ಕುನ್ಯ, ಎಂಬ್ಯೂಮೊ, ಶೆಶ್ಕೊ ಮೂವರೂ ಪೆನಾಲ್ಟಿ ಹೊಡೆಯೋ ಸಾಲಲ್ಲಿದ್ದರು.

ಸೋತಿದ್ದಕ್ಕೆ ನನಗೆ ಅಳು ಬರಲಿಲ್ಲ. ಹೋದ ಸೀಸನ್ನಲ್ಲಿ ಹದಿನೈದನೇ ಸ್ಥಾನ, 42 ಪಾಯಿಂಟು ನೋಡಿದ ಮೇಲೆ, ಮೇ ತಿಂಗಳಲ್ಲಿ ಬಿಲ್ಬಾವೊದಲ್ಲಿ ಟಾಟನಮ್ ಎದುರು ಯುರೋಪಾ ಫೈನಲ್ ಕಳಕೊಂಡಿದ್ದು ನೋಡಿದ ಮೇಲೆ, ಚರ್ಮ ದಪ್ಪ ಆಗಿದೆ. ನನ್ನ ಸಿಟ್ಟು ಇರೋದು ಸೋಲಿನ ಮೇಲಲ್ಲ. ಫರ್ಗ್ಯುಸನ್ ಬರೋಕೆ ಮುಂಚೆ ಹತ್ತೊಂಬತ್ತು ವರ್ಷ ಲೀಗ್ ಗೆಲ್ಲದೆಯೂ ಆ ಕ್ಲಬ್ ಕ್ಲಬ್ಬಾಗಿಯೇ ಇತ್ತು.

2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸುಮಾರು 79 ಕೋಟಿ ಪೌಂಡಿಗೆ ಅದನ್ನ ಕೊಂಡಿತು. ಬಹುಪಾಲು ಸಾಲದ ದುಡ್ಡು. ಮಜಾ ಏನಂದರೆ ಆ ಸಾಲದ ದೊಡ್ಡ ಭಾಗ ಬಿದ್ದಿದ್ದು ಕೊಂಡವರ ಮೇಲಲ್ಲ, ಕ್ಲಬ್ಬಿನ ಮೇಲೆ. ಅಲ್ಲಿವರೆಗೆ ಅದಕ್ಕೆ ಸಾಲ ಅನ್ನೋದೇ ಇರಲಿಲ್ಲ. ತೀರ್ಥಹಳ್ಳಿ ಕಡೆ ಯಾರಾದರೂ ನಿಮ್ಮ ಅಡಿಕೆ ತೋಟವನ್ನೇ ಅಡವಿಟ್ಟು ದುಡ್ಡೆತ್ತಿ, ಆ ದುಡ್ಡಲ್ಲಿ ನಿಮ್ಮ ತೋಟವನ್ನೇ ಕೊಂಡು, ವರ್ಷ ವರ್ಷ ಕೊನೆ ಕೊಯ್ದು ಬಡ್ಡಿ ಕಟ್ಟಿದರೆ ಹೇಗೋ ಹಾಗೆ. ಬಸಿಗಾಲುವೆ ಹೂಳು ತೆಗೆಸೋರಿಲ್ಲ, ಸತ್ತ ಮರದ ಜಾಗಕ್ಕೆ ಸಸಿ ಇಲ್ಲ. ಬಡ್ಡಿ, ಡಿವಿಡೆಂಡು, ಸಾಲದ ಖರ್ಚು ಎಲ್ಲ ಸೇರಿ ಇವತ್ತಿನವರೆಗೆ ನೂರು ಕೋಟಿ ಪೌಂಡಿಗೂ ಮಿಕ್ಕಿ ಹೊರಗೆ ಹರಿದಿದೆ ಅಂತ ಅಲ್ಲಿನ ಪತ್ರಿಕೆಗಳು ಲೆಕ್ಕ ಹಾಕಿವೆ. ಫರ್ಗ್ಯುಸನ್ ಇರೋವರೆಗೆ ಫಸಲು ಬಂತು, ಯಾರಿಗೂ ಕಾಣಲಿಲ್ಲ. 2013ರಲ್ಲಿ ಇಪ್ಪತ್ತನೇ ಲೀಗ್ ಗೆದ್ದು ಆತ ಮನೆಗೆ ಹೋದ. ಅಲ್ಲಿಂದ ಕೋಚ್‌ಗಳು ಮೋಯ್ಸ್, ವಾನ್ ಹಾಲ್, ಮೊರಿನ್ಯೊ, ಸೋಲ್ಷೇರ್, ಟೆನ್ ಹಾಗ್, ಆಮೇಲೆ ಅಮೊರಿಮ್. ಬಂದವರನ್ನೆಲ್ಲ ಬೈದಿದ್ದೇವೆ. 2024ರ ಮೇನಲ್ಲಿ ಆರ್ಸೆನಲ್ ಆಟದ ದಿನ ಮಳೆ ಬಂದು ಓಲ್ಡ್ ಟ್ರಾಫರ್ಡ್ ಚಾವಣಿಯಿಂದ ನೀರು ಜೋಗದ ಥರ ಸುರೀತು. ನೋಡಿ ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ರ‍್ಯಾಟ್‌ಕ್ಲಿಫ್ ಅಂತ ಒಬ್ಬ ಬ್ರಿಟಿಷ್ ಸಿರಿವಂತ ಕ್ಲಬ್ಬಿನಲ್ಲಿ ಪಾಲು ಕೊಂಡು ಬಂದ ಮೇಲೆ ಸರಿಹೋಗುತ್ತೆ ಅಂದರು. ಆತ ನೂರಾರು ನೌಕರರನ್ನ ಮನೆಗೆ ಕಳಿಸಿದ, ಸೀಸನ್ ನಡುವೆ ಟಿಕೆಟ್ 66 ಪೌಂಡ್ ಮಾಡಿ ಮಕ್ಕಳು, ಮುದುಕರಿಗಿದ್ದ ರಿಯಾಯಿತಿಯನ್ನೂ ತೆಗೆದ.

ಇದನ್ನೆಲ್ಲ ಇಲ್ಲಿ ಕೂತು ಯಾಕೆ ತಲೆಗೆ ಹಚ್ಚಿಕೋತೀಯ ಅಂತ ಹೆಂಡತಿ ಕೇಳ್ತಾಳೆ. ಮಗಳಂತೂ ‘ಅಪ್ಪ, ಟೀಮ್ ಚೇಂಜ್ ಮಾಡ್ಕೋ, ನಮ್ಮ ಕ್ಲಾಸಲ್ಲಿ ಎಲ್ರೂ ಮ್ಯಾಂಚೆಸ್ಟರ್ ಸಿಟಿ’ ಅಂತ ಬಗೆಹರಿಸಿಬಿಟ್ಟಳು. ನಾನು ಬೆಳೆದಿದ್ದು ಭದ್ರಾವತಿ ನ್ಯೂಟೌನಿನ ಕ್ವಾರ್ಟರ್ಸ್‌ನಲ್ಲಿ. ಸಂಜೆ ಶಿಫ್ಟ್ ಬಿಟ್ಟ ಮೇಲೆ ಕಾರ್ಖಾನೆಯವರು ಫುಟ್‌ಬಾಲ್ ಆಡೋರು, ತಮಿಳರು, ಮಲಯಾಳಿಗಳು, ನಮ್ಮೋರು ಎಲ್ಲ ಕಲೆತು. ಮಳೆಗಾಲದಲ್ಲಿ ಚೆಂಡಿಗಿಂತ ಕೆಸರೇ ಹೆಚ್ಚು ಹಾರೋದು. ಗೋಲಿನ ಹಿಂದೆ ನಿಂತು ಚೆಂಡು ಹೆಕ್ಕಿ ಕೊಡೋದು ನಮ್ಮ ಕೆಲಸ. ಪಕ್ಕದ ಮನೆಯ ಮಲಯಾಳಿ ಅಂಕಲ್ ಸ್ಪೋರ್ಟ್‌ಸ್ಟಾರ್ ತರಿಸೋರು, ಅದರ ನಡುಪುಟದ ಪೋಸ್ಟರ್ ನನಗೆ. ಅವರೇ ಒಂದು ದಿನ ಹೇಳಿದ್ದು, ಮ್ಯಾಂಚೆಸ್ಟರ್ ಯುನೈಟೆಡ್ ಶುರುವಾಗಿದ್ದು 1878ರಲ್ಲಿ, ರೈಲ್ವೆ ಬೋಗಿ ಕಾರ್ಖಾನೆಯ ಕೆಲಸಗಾರರು ಕಟ್ಟಿದ ತಂಡವಾಗಿ ಅಂತ. ಅಷ್ಟು ಸಾಕಾಯ್ತು. ನಮ್ಮಂಥವರದ್ದೇ ಟೀಮು ಅಂತ ತೀರ್ಮಾನ ಮಾಡಿಬಿಟ್ಟೆ. 1999ರ ಮೇನಲ್ಲಿ ಬಯರ್ನ್ ಎದುರು ಕೊನೇ ಗಳಿಗೆಯಲ್ಲಿ ಶೆರಿಂಗ್‌ಹ್ಯಾಮ್, ಸೋಲ್ಷೇರ್ ಎರಡು ಗೋಲು ಹೊಡೆದಾಗ ಅಂಕಲ್ ಮನೆಯ ಟೀವಿ ಮುಂದೆ ನಾವು ಮಾಡಿದ ಗಲಾಟೆಗೆ ಪಾಳಿ ಮುಗಿಸಿ ಮಲಗಿದ್ದವರೆಲ್ಲ ಎದ್ದಿದ್ದರು.

ಅದಕ್ಕೇ ಕಳೆಗುಂದೋದು ಅಂದರೆ ಏನು ಅಂತ ಭದ್ರಾವತಿಯವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಪೇಪರ್ ಮಿಲ್ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಶ್ವೇಶ್ವರಯ್ಯನವರ ಕಾಲದ ಕಬ್ಬಿಣದ ಕಾರ್ಖಾನೆ, 1923ರಲ್ಲಿ ಉರಿ ಹತ್ತಿದ್ದು, ನೂರು ತುಂಬೋ 2023ರಲ್ಲೇ ಅದನ್ನ ಮುಚ್ಚುವ ತೀರ್ಮಾನದ ಸುದ್ದಿ ಬಂತು. ಕಾರ್ಮಿಕರು ಧರಣಿ ಕೂತರು. ತೀರ್ಮಾನ ಮಾಡೋರು ಎಲ್ಲೋ ದೂರದಲ್ಲಿ, ಅನುಭವಿಸೋರು ಇಲ್ಲಿ. ಲೆಕ್ಕ ಕೇಳೋಣ ಅಂದರೆ ಎದುರಿಗೆ ಯಾರೂ ಇರಲ್ಲ.

ಬೆಂಗಳೂರು ಎಫ್‌ಸಿ ಕಥೆಯೂ ಬೇರೆ ಅಲ್ಲ. 2013ರಲ್ಲಿ ಹುಟ್ಟಿ ಮೊದಲ ಸೀಸನ್ನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಐ-ಲೀಗ್ ಗೆದ್ದ ಕ್ಲಬ್ಬು. ರಾತ್ರಿ ರೈಲು ಹತ್ತಿ ಕಂಠೀರವಕ್ಕೆ ಹೋಗಿ ಛೇತ್ರಿಯನ್ನ ನೋಡಿ ಬಂದಿದ್ದೇನೆ. 2025ರ ಆಗಸ್ಟಿನಲ್ಲಿ ಆಟಗಾರರ ಸಂಬಳವನ್ನೇ ನಿಲ್ಲಿಸಿದ್ದೇವೆ ಅಂತ ಅವರ ಪ್ರಕಟಣೆ ಬಂತು, ಯಾಕಂದರೆ ದೇಶದ ದೊಡ್ಡ ಲೀಗ್ ಐಎಸ್‌ಎಲ್ ನಡೆಯುತ್ತೋ ಇಲ್ಲವೋ ಆಗ ಯಾರಿಗೂ ಖಾತ್ರಿ ಇರಲಿಲ್ಲ, ಫೆಡರೇಷನ್ ಮತ್ತು ಲೀಗ್ ನಡೆಸೋರ ನಡುವಿನ ಒಪ್ಪಂದ ಆ ಡಿಸೆಂಬರಿಗೆ ಮುಗೀತಿತ್ತು. ಇದರ ಬಗ್ಗೆ ಇನ್ನೊಂದು ದಿನ. ಬರೆಯೋಕೆ ಕೂತರೆ ಬಾಯಲ್ಲಿ ಕೆಟ್ಟ ಮಾತು ಬರುತ್ತೆ.

ಮ್ಯಾಂಚೆಸ್ಟರಿನಲ್ಲೂ 2005ರಲ್ಲಿ ಸಿಟ್ಟಾದ ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ. ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅಂತ ತಾವೇ ಒಂದು ಕ್ಲಬ್ ಕಟ್ಟಿದರು. ಸದಸ್ಯ ಅಂದರೆ ಒಬ್ಬನಿಗೆ ಒಂದು ಓಟು, ದುಡ್ಡು ಎಷ್ಟೇ ಇರಲಿ. ತಾವೇ ಪಾಲು ಹಾಕಿ, ಅಲ್ಲಿ ಇಲ್ಲಿ ನೆರವು ತಂದು, 2015ರಲ್ಲಿ ಸ್ವಂತ ಮೈದಾನ ಮಾಡಿಕೊಂಡರು. ಆಡೋದು ಏಳನೇ ದರ್ಜೆಯಲ್ಲಿ. ನನಗೆ ಅವರ ಬಗ್ಗೆ ಹೆಚ್ಚು ಇಷ್ಟವಾಗಿದ್ದು ಆಟಕ್ಕೆ ಮುಂಚಿನ ಹೊತ್ತು. ಸ್ಟ್ಯಾಂಡಿನ ಕೆಳಗೆ ಊರಿನ ಬ್ಯಾಂಡುಗಳು ನುಡಿಸ್ತಾರೆ, ಯಾರೋ ಪದ್ಯ ಓದ್ತಾರೆ, ಬಿಯರ್ ಹಿಡಿದು ಕೇಳಿ ಆಮೇಲೆ ಮೇಲೆ ಹತ್ತಿ ಆಟ ನೋಡ್ತಾರೆ. ನಾನು ನೋಡಿರೋದು ವಿಡಿಯೋದಲ್ಲಿ ಮಾತ್ರ. ಅವರೂ ಅಪರೂಪಕ್ಕೆ ಅಪಸ್ವರ ಹೊಡೀತಾರೆ, ನಮ್ಮ ಟೀಚರಿಗಿಂತ ಜಾಸ್ತಿಯೇ.

ಹಾಗಂತ ಅಭಿಮಾನಿಗಳದ್ದೇ ಆದರೆ ಎಲ್ಲ ಸಸೂತ್ರ ಅಂತ ಅಲ್ಲ. ನಮ್ಮ ಗಣಪತಿ ಸಮಿತಿಯಲ್ಲಿ ಜಗಳ ಇಲ್ಲದ ವರ್ಷ ನನಗೆ ನೆನಪಿಲ್ಲ. ಪೆಂಡಾಲಿನ ಬಾಡಿಗೆ ಜಾಸ್ತಿ ಆಯ್ತು, ಊಟಕ್ಕೆ ಪಾಯಸ ಬೇಕಿತ್ತಾ, ಡಿಜೆ ಯಾಕೆ ಬೇಡ ಅಂದಿರಿ. ಆದರೆ ವಿಸರ್ಜನೆಗೆ ಮುಂಚೆ ಕಾರ್ಯದರ್ಶಿ ನೋಟ್‌ಬುಕ್ ಹಿಡಿದು ನಿಂತು ಚಂದಾ ಎಷ್ಟು ಬಂತು, ಎಷ್ಟು ಹೋಯ್ತು ಅಂತ ಎಲ್ಲರ ಮುಂದೆ ಓದಲೇಬೇಕು. ರಸಮಂಜರಿಗೆ ಕೊಟ್ಟ ದುಡ್ಡಿನ ಸಾಲು ಬಂದಾಗ ಯಾರೋ ಒಬ್ಬರು ಕೆಮ್ಮುತ್ತಾರೆ. ಕೆಮ್ಮಲಿ. ಮೇಷ್ಟ್ರು ಅಲ್ಲೇ ಕೂತಿರ್ತಾರೆ, ಎಲ್ಲ ಕೇಳಿಸಿಕೊಳ್ತಾರೆ, ಮುಂದಿನ ವರ್ಷ ಮತ್ತೆ ಬರ್ತಾರೆ. ಜೋಯೆಲ್ ಗ್ಲೇಜರ್ ಹೀಗೊಮ್ಮೆ ಶಾಮಿಯಾನದ ಕೆಳಗೆ ನಿಂತು ಲೆಕ್ಕ ಓದೋದನ್ನ ನೋಡೋ ಆಸೆ ನನಗೆ.

ಸಂಜೆ ಸೇರಿಸಿದ್ದು: ಕಾರ್ಯದರ್ಶಿ ಮನೆಗೆ ಬಂದಿದ್ದರು. ಶನಿವಾರ ಸಂಜೆ ಇನ್ನೊಂದು ಕಾರ್ಯಕ್ರಮ ಮಾಡೋಣ, ಈ ಸಲ ಮೈಕ್ ಕಡಿಮೆ, ಬರೀ ತಬಲಾ, ಹಾರ್ಮೋನಿಯಂ, ಭಾವಗೀತೆ, ಜನ ಕೇಳ್ತಿದಾರೆ ಅಂದರು. ಹೆಚ್ಚುವರಿ ಚಂದಾ ಐನೂರು. ಕೊಟ್ಟೆ. ಎಷ್ಟು ಹೊತ್ತಿಗೆ ಅಂದೆ. ‘ಏಳೂವರೆಗೆ ಸಾರ್, ಹತ್ತರೊಳಗೆ ಮುಗಿಸಬೇಕಲ್ಲ.’

ಏಳೂವರೆಗೇ ಓಲ್ಡ್ ಟ್ರಾಫರ್ಡ್‌ನಲ್ಲಿ ಬರ್ನ್‌ಲಿ ಜೊತೆ ಲೀಗ್ ಆಟ. ಹಾರ್ಮೋನಿಯಂ ಹೊರೋಕೆ ಜನ ಬೇಕು, ಬರ್ತೀರಲ್ಲ ಅಂತ ಅವರೇ ಕೇಳಿದರು. ಬರ್ತೀನಿ ಅಂದೆ. ಸ್ಕೋರ್ ಮಗಳು ಮೆಸೇಜ್ ಮಾಡ್ತಾಳಂತೆ, ಒಂದು ಗೋಲಿಗೆ ಹತ್ತು ರೂಪಾಯಿ, ಯುನೈಟೆಡ್ ತಿಂದ ಗೋಲಿಗೂ ಸೇರಿ.