ಒಂದು ಬಟನ್ನಿನ ಪಿಸ್ತೂಲು: ರೂಗರ್ ಮಾರ್ಕ್ ಫೋರ್ ಜೊತೆ ಒಂದು ಚಳಿಗಾಲ

ಅಕ್ಟೋಬರ್ 2017

ಪಿಸ್ತೂಲು ಕೈಗೆ ಬಂತು. ರೂಗರ್ ಮಾರ್ಕ್ ಫೋರ್ ಟಾರ್ಗೆಟ್, ಸ್ಟೇನ್‌ಲೆಸ್ ಸ್ಟೀಲಿನದು. ಐದೂವರೆ ಇಂಚಿನ ದಪ್ಪ ನಳಿಗೆ, ಪಾಯಿಂಟ್ ಟೂ ಟೂ ಲಾಂಗ್ ರೈಫಲ್ ತೋಟಾ, ಒಂದು ಮ್ಯಾಗಝಿನ್‌ಗೆ, ಅಂದರೆ ತೋಟಾ ತುಂಬುವ ಡಬ್ಬಿಗೆ, ಹತ್ತು. ಅಡುಗೆಮನೆಯ ತಕ್ಕಡಿ ಮೇಲಿಟ್ಟರೆ 1.2 ಕೆಜಿ ದಾಟಿತು. ಎರಡೂ ಕೈಯಲ್ಲಿ ಹಿಡಿದರೆ ಇದೇನೂ ಭಾರ ಅಲ್ಲ. ಆದರೆ ನಮ್ಮ ಲೀಗಿನದು ಬುಲ್ಸ್‌ಐ, ಕಾಗದದ ಮೇಲಿನ ವೃತ್ತಕ್ಕೆ ಗುರಿಯಿಡುವ ಸ್ಪರ್ಧೆ. ಅದರಲ್ಲಿ ಒಂದೇ ಕೈ. ತೋಳು ಚಾಚಿ ಹತ್ತು ಸೆಕೆಂಡು ಹಿಡಿದರೆ ಸಾಕು, ಭುಜಕ್ಕೆ ಗೊತ್ತಾಗುತ್ತದೆ.

ನಾನು ಕೊಡಗಿನವನು, ಈಗ ಮನೆ ಓಹಾಯೋದ ಕೊಲಂಬಸ್ ಹತ್ತಿರ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುವುದನ್ನು, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುವುದನ್ನು ನೋಡಿಕೊಂಡೇ ಬೆಳೆದೆ. ಆ ಗುರಿ ಬೇರೆ, ಈ ಗುರಿ ಬೇರೆ. ಅಲ್ಲಿ ಭುಜದ ಆಸರೆ ಇದೆ. ಇಲ್ಲಿ ಮಣಿಕಟ್ಟೇ ಎಲ್ಲ.

ಇಲ್ಲಿರುವ ನಮ್ಮವರು ಆಗಾಗ ಕೇಳುತ್ತಾರೆ, ಅದಕ್ಕೇ ಒಂದು ಮಾತು. ಎಚ್‌ಒನ್‌ಬಿ ಥರದ ವೀಸಾದಲ್ಲಿ ಇರುವವರಿಗೆ ಸಾಮಾನ್ಯವಾಗಿ ಪಿಸ್ತೂಲು ಕೊಳ್ಳಲು ಬರುವುದಿಲ್ಲ, ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ. ನಾನು ಗ್ರೀನ್ ಕಾರ್ಡ್ ಬರುವ ತನಕ ಕಾದೆ. ಅಂಗಡಿಯಲ್ಲಿ ಫಾರ್ಮ್ ತುಂಬಿಸಿ, ಹಿನ್ನೆಲೆ ತಪಾಸಣೆ ಮುಗಿದ ಮೇಲೆಯೇ ಕೊಟ್ಟರು.

ಕೊಳ್ಳುವ ಮೊದಲು ಸೀರಿಯಲ್ ನಂಬರ್ ನೋಡಿದೆ. ಸೆಕೆಂಡ್‌ಹ್ಯಾಂಡ್ ತೆಗೆದುಕೊಳ್ಳುವವರು ಇದನ್ನು ಮರೆಯಲೇಬಾರದು. 2017ರ ಜೂನ್‌ನಲ್ಲಿ ಕಂಪನಿಯೇ ಮಾರ್ಕ್ ಫೋರ್‌ಗಳನ್ನು ರಿಪೇರಿಗೆ ವಾಪಸ್ ಕರೆಸಿತು. ಆ ವರ್ಷದ ಜೂನ್ 1ಕ್ಕೆ ಮೊದಲು ತಯಾರಾದವು, ನಂಬರ್ 401 ಅಥವಾ ಡಬ್ಲ್ಯುಬಿಆರ್‌ನಿಂದ ಶುರುವಾಗುವವು. ಸೇಫ್ಟಿ ಲಿವರ್ ಅರ್ಧಕ್ಕೆ ನಿಂತಿರುವಾಗ ಟ್ರಿಗರ್ ಎಳೆದರೆ ಗುಂಡು ಹಾರದೇ ಇರಬಹುದು. ಆಮೇಲೆ ಲಿವರನ್ನು ಫೈರ್ ಕಡೆ ತಳ್ಳಿದ ಕ್ಷಣ ಹಾರಬಹುದು. ಇದು ಸಣ್ಣ ವಿಷಯ ಅಲ್ಲ. ನನ್ನದು ಅದಾದ ಮೇಲೆ ತಯಾರಾದದ್ದು.

ಅಕ್ಟೋಬರ್, ಮೂರನೇ ವಾರ

ಎಲ್ಲರೂ ಮಾತಾಡುವ ಆ ಬಟನ್ ಬಗ್ಗೆ ಬರೆಯಲೇಬೇಕು.

ರೂಗರ್ ಕಂಪನಿ ಶುರುವಾದದ್ದೇ ಈ ವಂಶದ ಪಿಸ್ತೂಲಿನಿಂದ. 1949ರಲ್ಲಿ ಬಂದ ಮೊದಲನೆಯದರ ಬೆಲೆ 37 ಡಾಲರ್ 50 ಸೆಂಟ್. 1982ರಲ್ಲಿ ಮಾರ್ಕ್ ಟೂ ಬಂತು, ಆಮೇಲೆ ಮಾರ್ಕ್ ತ್ರೀ, 2016ರ ಸೆಪ್ಟೆಂಬರ್‌ನಲ್ಲಿ ಈ ಮಾರ್ಕ್ ಫೋರ್. ಗುರಿಯ ವಿಷಯದಲ್ಲಿ ಹಳೆಯವನ್ನೂ ಯಾರೂ ದೂರಿದ್ದಿಲ್ಲ. ಬಿಚ್ಚುವುದು ಹಾಗೂ ಹೀಗೂ ಆಗುತ್ತಿತ್ತು, ವಾಪಸ್ ಕೂಡಿಸುವುದೇ ಎಲ್ಲರ ಗೋಳು. ಒಳಗೆ ಹ್ಯಾಮರ್‌ಗೆ, ಅಂದರೆ ಪಿನ್ನಿಗೆ ಬಡಿಯುವ ಭಾಗಕ್ಕೆ, ಸೇರಿಕೊಂಡ ಒಂದು ಪುಟ್ಟ ಕಡ್ಡಿ ಇದೆ. ಪಿಸ್ತೂಲನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ವಾಲಿಸಿ ಅದು ಸರಿಯಾದ ಜಾಗಕ್ಕೆ ಬೀಳುವಂತೆ ಮಾಡಬೇಕು. ಬೀಳದಿದ್ದರೆ ಮತ್ತೆ ಮೊದಲಿನಿಂದ. ರಬ್ಬರ್ ಸುತ್ತಿಗೆ ಇಟ್ಟುಕೊಂಡವರೂ ಇದ್ದಾರೆ.

ಮಾರ್ಕ್ ಫೋರ್‌ನಲ್ಲಿ ಇಷ್ಟೇ: ಮ್ಯಾಗಝಿನ್ ತೆಗೆ, ಬೋಲ್ಟ್ (ತೋಟಾದ ಹಿಂದೆ ಜಾರುವ ಉಕ್ಕಿನ ತುಂಡು) ಎಳೆದು ಒಳಗೆ ತೋಟಾ ಇಲ್ಲ ಅಂತ ಕಣ್ಣಾರೆ ನೋಡು, ಸೇಫ್ಟಿ ಹಾಕು, ಹಿಂದಿನ ಬಟನ್ ಒತ್ತು. ನಳಿಗೆ ಇರುವ ಮೇಲಿನ ಭಾಗ ಮುಂದಿನ ಕೀಲಿನ ಮೇಲೆ ಬಾಗಿಕೊಂಡು ಎದ್ದು ಬರುತ್ತದೆ, ಟ್ರಂಕಿನ ಮುಚ್ಚಳ ತೆರೆದ ಹಾಗೆ. ಬೋಲ್ಟ್ ತಾನಾಗಿ ಕೈಗೆ ಜಾರುತ್ತದೆ. ಮೊದಲ ಸಲ ಮಾಡಿದಾಗ ಇಷ್ಟೇನಾ ಅಂತ ಮತ್ತೆ ಮುಚ್ಚಿ, ಮತ್ತೆ ತೆಗೆದೆ.

ನಮ್ಮ ಲೀಗಿನ ಹಿರಿಯರೊಬ್ಬರ ಬಳಿ ಮೂವತ್ತು ವರ್ಷದ ಮಾರ್ಕ್ ಟೂ ಇದೆ. ನನ್ನದನ್ನು ಎರಡು ಸಲ ತೆರೆದು ಮುಚ್ಚಿ ನೋಡಿದರು. "ಇದನ್ನು ಆಗಲೇ ಮಾಡಬಾರದಿತ್ತಾ" ಅಂದರು. ಅಷ್ಟೇ ಅವರ ವಿಮರ್ಶೆ.

ಸುಲಭ ಇದ್ದರೆ ಕೆಲಸ ಮಾಡುತ್ತೇವೆ, ಅಲ್ವಾ? ಪಾಯಿಂಟ್ ಟೂ ಟೂ ತೋಟಾ ಗಲೀಜು. ಸೀಸದ ಗುಂಡು, ಅದಕ್ಕೆ ಮೇಣ, ಜೊತೆಗೆ ಮಸಿ. ಪ್ರತಿ ಅಭ್ಯಾಸದ ಮೇಲೂ ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಬೋಲ್ಟಿನ ಮುಖ ಉಜ್ಜುತ್ತೇನೆ, ಹಳೆ ಪಂಚೆಯ ತುಂಡಿನಲ್ಲಿ ಒರೆಸುತ್ತೇನೆ. ಹತ್ತೇ ನಿಮಿಷ.

ಮೊದಲ ಲೀಗ್ ರಾತ್ರಿ: 300 ಅಂಕಕ್ಕೆ 221.

ನವೆಂಬರ್

ಗೊತ್ತಿಲ್ಲದವರಿಗೆ ಲೆಕ್ಕ ಹೇಳಿಬಿಡುತ್ತೇನೆ. ಒಟ್ಟು ಮೂವತ್ತು ಗುಂಡು. ಮೊದಲ ಹತ್ತು ನಿಧಾನವಾಗಿ, ಹತ್ತು ನಿಮಿಷದಲ್ಲಿ. ಆಮೇಲೆ ಐದೈದರಂತೆ ಎರಡು ಸಲ, ಒಂದೊಂದಕ್ಕೆ ಇಪ್ಪತ್ತು ಸೆಕೆಂಡು. ಕೊನೆಗೆ ಮತ್ತೆ ಐದೈದು, ಈ ಸಲ ಹತ್ತೇ ಸೆಕೆಂಡು. ಚಳಿಗಾಲದಲ್ಲಿ ಒಳಾಂಗಣ, ದೂರ 50 ಅಡಿ.

ಈ ತಿಂಗಳು ತೋಟಾಗಳ ಪರೀಕ್ಷೆ. ಡಬ್ಬಿಯಲ್ಲಿ ಸುರಿದು ಮಾರುವ ಅಗ್ಗದ ತೋಟಾ ತಂದಿದ್ದೆ. ಮುನ್ನೂರಕ್ಕೆ ಒಂಬತ್ತು ಸಲ ಕೈಕೊಟ್ಟಿತು. ನಾಲ್ಕು ಸಿಡಿಯಲೇ ಇಲ್ಲ. ಇದು ರಿಮ್‌ಫೈರ್ ತೋಟಾ, ಇದರಲ್ಲಿ ಸಿಡಿಮದ್ದು ತೋಟಾದ ತಳದ ಅಂಚಿನ ಸುತ್ತ ಇರುತ್ತದೆ. ಅಂಚಿನಲ್ಲಿ ಎಲ್ಲಾದರೂ ಮದ್ದು ಸರಿಯಾಗಿ ಹರಡದಿದ್ದರೆ, ಪಿನ್ ಅಲ್ಲಿಗೇ ಬಡಿದರೆ ಬರೀ ಟಕ್ ಅನ್ನುತ್ತದೆ. ಹಾಗೆ ಆದಾಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಮೂವತ್ತು ಸೆಕೆಂಡು ಕಾದು, ಆಮೇಲೆ ಬೋಲ್ಟ್ ಎಳೆಯಬೇಕು.

ಉಳಿದ ಐದರಲ್ಲಿ ತಪ್ಪು ನನ್ನದು. ಮ್ಯಾಗಝಿನ್ ತುಂಬುವಾಗ ಪಕ್ಕದ ಗುಂಡಿಯನ್ನು ಹೆಬ್ಬೆರಳಲ್ಲಿ ಪೂರ್ತಿ ಕೆಳಗೆ ಎಳೆದುಬಿಡುತ್ತಿದ್ದೆ. ತೋಟಾಗಳು ಒಳಗೆ ಬೇಕಾದ ಹಾಗೆ ಬಿದ್ದು, ಮೇಲಿನದರ ಅಂಚು ಕೆಳಗಿನದರ ಹಿಂದೆ ಸಿಕ್ಕಿಕೊಳ್ಳುತ್ತಿತ್ತು. ಮೇಲಿನದರ ಅಂಚು ಯಾವಾಗಲೂ ಕೆಳಗಿನದರ ಮುಂದೆ ಇರಬೇಕು. ಈಗ ಒಂದು ತೋಟಾದಷ್ಟೇ ಎಳೆದು, ಒಂದೊಂದಾಗಿ ಇಡುತ್ತೇನೆ. ಹೆಬ್ಬೆರಳು ನೋಯುತ್ತದೆ, ಆದರೆ ಸಿಕ್ಕಿಕೊಳ್ಳುವುದು ನಿಂತಿತು.

ಮರಳಿನ ಚೀಲದ ಮೇಲಿಟ್ಟು 25 ಗಜದಲ್ಲಿ ನಾಲ್ಕು ಬಗೆ ತೋಟಾ ಹೊಡೆದೆ. ನನ್ನ ನಳಿಗೆಗೆ ಒಗ್ಗಿದ್ದು ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ. ಸದ್ದಿನ ವೇಗಕ್ಕಿಂತ ಸ್ವಲ್ಪ ಕಡಿಮೆ ವೇಗದ್ದು, 40 ಗ್ರೇನ್ (ಸುಮಾರು 2.6 ಗ್ರಾಂ) ಗುಂಡು. ಐದು ತೂತುಗಳನ್ನು ನಮ್ಮ ಹಳೆಯ ಒಂದು ರೂಪಾಯಿ ನಾಣ್ಯದಲ್ಲಿ ಮುಚ್ಚಬಹುದಿತ್ತು. ಆ ಕಾಗದ ಮೇಜಿನ ಮುಂದೆ ಅಂಟಿಸಿಕೊಂಡಿದ್ದೇನೆ. ಪಿಸ್ತೂಲು ಏನು ಮಾಡಬಲ್ಲದು ಅಂತ ಗೊತ್ತಾಯಿತು. ಇನ್ನು ಉಳಿದದ್ದು ನನ್ನ ಕೈ.

ಡಿಸೆಂಬರ್

ನನ್ನ ಗುಂಡುಗಳು ಕೆಳಗೆ, ಎಡಕ್ಕೆ ಹೋಗುತ್ತಿವೆ. ಗಡಿಯಾರದಲ್ಲಿ ಏಳು, ಎಂಟರ ಜಾಗ. ಬಲಗೈಯವರು ಟ್ರಿಗರನ್ನು ಜಗ್ಗಿದರೆ ಹೀಗೇ ಆಗುತ್ತದೆ. ಮೊದಲು ಗುರಿ ನೋಡುವ ಹಿಂದಿನ ಸೈಟನ್ನು ತಿರುಗಿಸಿ ಸರಿಮಾಡಲು ಹೋದೆ. ಹಿರಿಯರು ತಡೆದರು. "ಸೈಟ್ ಸರಿ ಇದೆ. ಅದನ್ನು ಮುಟ್ಟಿದರೆ ನಿನ್ನ ತಪ್ಪು ಅಲ್ಲೇ ಬಚ್ಚಿಟ್ಟುಕೊಳ್ಳುತ್ತದೆ."

ಕಾರ್ಖಾನೆಯಿಂದ ಬಂದ ಟ್ರಿಗರ್ ನನ್ನ ಗೇಜಿನಲ್ಲಿ 4 ಪೌಂಡ್ 14 ಔನ್ಸ್ ತೋರಿಸಿತು. ಎಲ್ಲರ ಬಳಕೆಗೆ ಅಂತ ಮಾಡಿದ ಪಿಸ್ತೂಲಿಗೆ ಇದು ಸರಿಯಾದ ತೂಕವೇ. ಬುಲ್ಸ್‌ಐ ನಿಯಮ ಪಾಯಿಂಟ್ ಟೂ ಟೂಗೆ ಕನಿಷ್ಠ 2 ಪೌಂಡ್ ಸಾಕು ಅನ್ನುತ್ತದೆ. ಹಾಗಾಗಿ ಈ ಮಾಡೆಲ್ ಕೊಂಡವರು ಬೇಗ ಕೈಹಾಕುವುದು ಟ್ರಿಗರಿಗೇ. ನಾನು ಡಿಸೆಂಬರ್ ಪೂರ್ತಿ ಹಾಗೇ ಬಿಟ್ಟೆ. ಒಂದೇ ಸಲ ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ದಿನಾ ರಾತ್ರಿ ಇಪ್ಪತ್ತು ನಿಮಿಷ ಖಾಲಿ ಅಭ್ಯಾಸ. ತೋಟಾ ಎಲ್ಲ ಬೇರೆ ಕೋಣೆಯ ಬೀಗದಲ್ಲಿ. ಗೋಡೆಗೆ ಸ್ಕ್ರೂ ಕೂರಿಸಲು ಬಳಸುವ ಹಳದಿ ಪ್ಲಾಸ್ಟಿಕ್ ಪ್ಲಗ್ ಇರುತ್ತದಲ್ಲ, ಅದರ ಒಂದು ಅಳತೆ ತೋಟಾದ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಅದನ್ನೇ ಹಾಕುತ್ತೇನೆ. ಒಂದು ಕಿರಿಕಿರಿ ಇದೆ. ಈ ಮಾಡೆಲಿನಲ್ಲಿ ಮ್ಯಾಗಝಿನ್ ಒಳಗಿಲ್ಲದಿದ್ದರೆ ಟ್ರಿಗರ್ ಕೆಲಸ ಮಾಡುವುದಿಲ್ಲ. ಖಾಲಿ ಮ್ಯಾಗಝಿನ್ ಹಾಕಿ ಬೋಲ್ಟ್ ಎಳೆದರೆ ಅದು ಹಿಂದೆಯೇ ನಿಲ್ಲುತ್ತದೆ. ಆದ್ದರಿಂದ ಪ್ರತಿ ಸಲವೂ ಮ್ಯಾಗಝಿನ್ ತೆಗೆ, ಬೋಲ್ಟ್ ಎಳೆದು ಬಿಡು, ಮ್ಯಾಗಝಿನ್ ಹಾಕು. ಮನೆಯಲ್ಲಿ ಮಕ್ಕಳಿರುವವನಾಗಿ ನನಗೆ ಈ ಏರ್ಪಾಡಿನ ಮೇಲೆ ಸಿಟ್ಟಿಲ್ಲ. ಲೀಗಿನಲ್ಲಿ ಮಾತ್ರ ಅರ್ಧಕ್ಕರ್ಧ ಜನಕ್ಕೆ ಇದು ಬೇಡ.

ಮನೆಗೆ ಬಂದ ಕೂಡಲೇ ಮಗಳು ಓಡಿ ಬರುತ್ತಾಳೆ. ಒಳಾಂಗಣ ರೇಂಜಿನಲ್ಲಿ ಸೀಸದ ದೂಳು ಬಟ್ಟೆಗೂ ಕೈಗೂ ಅಂಟಿರುತ್ತದೆ. ಕೈ ತೊಳೆದು, ಅಂಗಿ ಬದಲಿಸಿಯೇ ಎತ್ತಿಕೊಳ್ಳುತ್ತೇನೆ. ಅವಳಿಗೂ ಈಗ ಅಭ್ಯಾಸವಾಗಿದೆ, ಬಚ್ಚಲ ಬಾಗಿಲಲ್ಲಿ ಕಾಯುತ್ತಾಳೆ.

ತಿಂಗಳ ಕೊನೆಗೆ 238.

ಜನವರಿ 2018

ಲೀಗಿನಲ್ಲಿ ಈಗ ನಾಲ್ಕು ಮಾರ್ಕ್ ಫೋರ್. ಒಬ್ಬರ ಬಳಿ ಹಂಟರ್ ಇದೆ, 6.88 ಇಂಚಿನ ಗೀರು ಹಾಕಿದ ನಳಿಗೆ. ನೋಡಲು ಎಲ್ಲಕ್ಕಿಂತ ಚೆಂದ. ಆದರೆ ಅದರ ಹಿಂದಿನ ಸೈಟಿನ ಕಚ್ಚು ವಿ ಆಕಾರದ್ದು, ಮುಂದೆ ಹೊಳೆಯುವ ಫೈಬರ್ ಚುಕ್ಕಿ. ಕಾಡಿಗೆ ಒಳ್ಳೆಯದು, ಕಪ್ಪು ವೃತ್ತದ ಕೆಳಗೆ ನೀಟಾಗಿ ಗುರಿ ಕೂರಿಸಲು ಚೌಕ ಸೈಟೇ ವಾಸಿ. ಅವರು ಅದನ್ನು ತೆಗೆದು ರೆಡ್ ಡಾಟ್, ಅಂದರೆ ಗಾಜಿನಲ್ಲಿ ಕೆಂಪು ಚುಕ್ಕಿ ತೋರಿಸುವ ಸೈಟ್, ಕೂರಿಸಿದರು. ಅದಕ್ಕೆ ಬೇಕಾದ ತೂತುಗಳು ಮೇಲ್ಭಾಗದಲ್ಲಿ ಮೊದಲೇ ಇವೆ.

ಲೀಗಿನಲ್ಲೇ ಇರುವ ಮೈಸೂರಿನ ಗೆಳೆಯನದು 22/45 ಲೈಟ್, ಮಾರ್ಕ್ ಫೋರ್‌ನದೇ ಹಗುರ ಮಾಡೆಲ್. ಹೆಚ್ಚುಕಮ್ಮಿ ನನ್ನದರ ಅರ್ಧ ಭಾರ. ಹಿಡಿಯ ಓರೆಯೂ ಬೇರೆ. ನನ್ನದು ಹಿಂದಕ್ಕೆ ಜಾಸ್ತಿ ವಾಲಿದೆ, ಅವನದು 1911 ಪಿಸ್ತೂಲಿನ ಹಾಗೆ ನೆಟ್ಟಗೆ. 1911ರಲ್ಲಿ ಪಾಯಿಂಟ್ ಫೋರ್ ಫೈವ್ ದೊಡ್ಡ ತೋಟಾ ಕೂಡ ಹೊಡೆಯುವವರಿಗೆ ಅದೇ ಸರಿ, ಮಣಿಕಟ್ಟು ಎರಡು ಪಾಠ ಕಲಿಯಬೇಕಿಲ್ಲ. ನಾನು ಅದನ್ನು ಎತ್ತಿದರೆ ಮುಂದಿನ ಸೈಟ್ ಗುರಿಗಿಂತ ಕೆಳಗೇ ಇರುತ್ತದೆ. ಹಗುರ ಅನ್ನುವುದೂ ಎರಡು ಕಡೆ ಕೊಯ್ಯುತ್ತದೆ. ತೋಳು ದಣಿಯುವುದಿಲ್ಲ, ಆದರೆ ನಡುಕ ಪೂರ್ತಿ ಮೂತಿಯಲ್ಲಿ ಕಾಣುತ್ತದೆ. ನನಗೆ ಭಾರವೇ ಇಷ್ಟ.

ಕೊನೆಗೂ ಟ್ರಿಗರ್ ಬದಲಿಸಿದೆ. ವೋಲ್ಕ್ವಾರ್ಟ್‌ಸನ್ ಕಂಪನಿಯ ಕಿಟ್: ಹ್ಯಾಮರ್, ಅದನ್ನು ಹಿಡಿದಿಡುವ ಸಿಯರ್, ಟ್ರಿಗರ್, ಸ್ಪ್ರಿಂಗ್‌ಗಳು. ಸ್ಪ್ರಿಂಗ್ ಒಂದೊಂದೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಹಾರಿದರೆ ಸಿಗುವುದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಪಿಸ್ತೂಲನ್ನೂ ಎರಡು ಕೈಯನ್ನೂ ಇಟ್ಟುಕೊಂಡು ಬಿಚ್ಚಿದೆ. ಒಂದು ಹಾರಿತು ಕೂಡ, ಟಪ್ ಅಂತ ಚೀಲಕ್ಕೆ ಬಡಿದು ಅಲ್ಲೇ ಬಿತ್ತು. ಎರಡು ಗಂಟೆ ಹಿಡಿಯಿತು. ಈಗ 2 ಪೌಂಡ್ 6 ಔನ್ಸ್. ಮೊದಲ ಸಲ ಹೊಡೆಯುವಾಗ ಮ್ಯಾಗಝಿನ್‌ಗೆ ಎರಡೇ ತೋಟಾ ಹಾಕಿ. ಸಿಯರ್ ಸರಿಯಾಗಿ ಕೂರದಿದ್ದರೆ ಒಂದು ಎಳೆತಕ್ಕೆ ಎರಡೂ ಹಾರಬಹುದು. ನನ್ನದು ಒಂದೊಂದೇ ಹೊಡೆಯಿತು. ಆಮೇಲೆ ನಿಧಾನಕ್ಕೆ ಹತ್ತಕ್ಕೆ ಹೋದೆ.

ಅಂಕ ಒಮ್ಮೆಗೇ ಏರಲಿಲ್ಲ. ಮೊದಲ ವಾರ 234, ಇದ್ದದ್ದಕ್ಕಿಂತ ಕಡಿಮೆ. ಬೆರಳು ಹಳೆ ಭಾರವನ್ನೇ ಕಾಯುತ್ತಿತ್ತು. ಮೂರನೇ ವಾರ 249.

ಫೆಬ್ರವರಿ

ಮೈಸೂರಿನ ಗೆಳೆಯ ಫೋನ್ ಮಾಡಿದ. "ಅಣ್ಣ, ಖಾಲಿ ಚಿಪ್ಪು ಹೊರಗೆ ಬರ್ತಾನೇ ಇಲ್ಲ. ಸಿಕ್ಕಿಕೊಳ್ತಿದೆ."

ಹೋಗಿ ನೋಡಿದೆ. ಬೋಲ್ಟಿನಲ್ಲಿ ಫೈರಿಂಗ್ ಪಿನ್ನನ್ನು ತಡೆಯುವ ಅಡ್ಡ ಪಿನ್ ಇಲ್ಲ. ಹಿಂದಿನ ವಾರ ಬೋಲ್ಟ್ ಬಿಚ್ಚಿ ತೊಳೆದಿದ್ದ, ಆ ಪಿನ್ ಒರೆಸುವ ಬಟ್ಟೆಯ ಮಡಿಕೆಯಲ್ಲೇ ಉಳಿದಿತ್ತು. ಆಮೇಲೆ ಒಂದು ವಾರ ಖಾಲಿ ಅಭ್ಯಾಸ ಮಾಡಿದ್ದಾನೆ. ತಡೆ ಇಲ್ಲದ ಫೈರಿಂಗ್ ಪಿನ್ ಪ್ರತಿ ಸಲವೂ ನಳಿಗೆಯ ಬಾಯಂಚಿಗೇ ಬಡಿದಿದೆ. ಟಾರ್ಚ್ ಹಿಡಿದರೆ ಅಂಚಿನಲ್ಲಿ ಉಗುರಿನ ತುದಿಯಷ್ಟು ಜಜ್ಜು ಕಾಣುತ್ತಿತ್ತು. ಆ ಉಬ್ಬೇ ಚಿಪ್ಪನ್ನು ಹಿಡಿದುಕೊಳ್ಳುತ್ತಿತ್ತು. ಪಾಪ, ಮುಖ ಬಾಡಿಹೋಗಿತ್ತು. ಗನ್‌ಸ್ಮಿತ್ ಒಬ್ಬರು ಆ ಉಬ್ಬನ್ನು ಒತ್ತಿ ಮಟ್ಟ ಮಾಡುವ ಸಲಕರಣೆ ತೂರಿಸಿ ಸರಿಪಡಿಸಿದರು. ಈಗ ನಾವಿಬ್ಬರೂ ಬೋಲ್ಟ್ ಕೂಡಿಸಿದ ಮೇಲೆ "ಪಿನ್?" ಅಂತ ಕೇಳಿಕೊಳ್ಳುತ್ತೇವೆ. ಈ ಪಿಸ್ತೂಲನ್ನು ತೆರೆಯುವುದು ಅಷ್ಟು ಸುಲಭವಾಗಿರುವಾಗ ಬೋಲ್ಟನ್ನೂ ಬಿಚ್ಚೋಣ ಅನ್ನಿಸುತ್ತದೆ. ಪ್ರತಿ ಸಲ ಅದು ಬೇಕಿಲ್ಲ.

ಮಾರ್ಚ್

ಲೀಗ್ ಮುಗಿಯಿತು. ಕೊನೆಯ ಮೂರು ರಾತ್ರಿ: 252, 251, 257. ಮುನ್ನೂರಕ್ಕೆ 255 ಅಂದರೆ ಶೇ 85, ಶಾರ್ಪ್‌ಶೂಟರ್ ದರ್ಜೆಯ ಮೆಟ್ಟಿಲು. ಒಂದು ರಾತ್ರಿ ಅದನ್ನು ದಾಟಿದ್ದೇನೆ. ಸರಾಸರಿ ಇನ್ನೂ ದಾಟಿಲ್ಲ. ಹತ್ತು ಸೆಕೆಂಡಿನ ಸುತ್ತಿನಲ್ಲಿ ಮೊದಲ ಗುಂಡು ತಡವಾಗುತ್ತದೆ, ಕೊನೆಯ ಎರಡು ಅವಸರದಲ್ಲಿ ಹೋಗುತ್ತವೆ. ಅಲ್ಲೇ ಕೆಲಸ ಇದೆ.

ಪಿಸ್ತೂಲಿನ ಲೆಕ್ಕ: ಒಟ್ಟು 3,400 ಗುಂಡು. ಒಳ್ಳೆ ತೋಟಾಕ್ಕೆ ಬಂದ ಮೇಲೆ ಎರಡೇ ಸಲ ತಡೆ. ಬದಲಿಸಿದ್ದು ಟ್ರಿಗರ್ ಒಂದೇ. ಹಿಡಿಯನ್ನು ಮುಟ್ಟಿಲ್ಲ. ಅಂಗೈ ಬೆವರಿದಾಗ ಸ್ವಲ್ಪ ಜಾರುತ್ತದೆ, ಬೇಸಿಗೆಗೆ ಮರದ ಹಿಡಿ ಹಾಕಿಸಬೇಕು ಅಂತ ಇದೆ.

ಏಪ್ರಿಲ್, ಎರಡನೇ ಶನಿವಾರ

ಮೊದಲ ಸಲ ಹೊರಗೆ, 50 ಗಜ. ಹಿಂದಿನ ಸೈಟನ್ನು ಆರು ಕ್ಲಿಕ್ ಮೇಲೆತ್ತಿದೆ. ಮೊದಲ ಹತ್ತರಲ್ಲಿ ಎರಡು ಕಪ್ಪು ವೃತ್ತದ ಹೊರಗೆ, ಒಟ್ಟು 74. ಎಡದಿಂದ ಗಾಳಿ ಇತ್ತು. ಎರಡನೇ ಹತ್ತಕ್ಕೆ ಗಾಳಿ ನಿಲ್ಲುವ ತನಕ ತೋಳು ಇಳಿಸಿ ಕಾದೆ. 81. ಹಿರಿಯರು ದುರ್ಬೀನಿನಲ್ಲಿ ನೋಡಿ, ಪುಸ್ತಕದಲ್ಲಿ ಬರೆದುಕೋ ಅಂದರು. ಬರೆದುಕೊಂಡೆ.